ಮೊದಲ ಈಡಿಗೆ ಕಟ್ಟುವ ರೈಫಲ್

ಕಯೋಟಿ ಬೇಟೆಗೆ ರೈಫಲ್ ಕಟ್ಟಿಸಬೇಕೆಂದು ಬರುವವರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲಿ ಒಂದು ಫೋಟೊ ಇಟ್ಟುಕೊಂಡೇ ಬರುತ್ತಾರೆ. ನೂರು ಗಜ ದೂರದ ಕಾಗದದಲ್ಲಿ ಐದು ಗುಂಡು ಒಂದೇ ತೂತಿನಲ್ಲಿ ಹೊಕ್ಕಿರುವ ಫೋಟೊ. ನನಗೂ ಇಂಥದ್ದೇ ಆಗಬೇಕು, ನಳಿಗೆ ದಪ್ಪಗಿರಲಿ, ಉದ್ದ 26 ಇಂಚು ಇರಲಿ ಎನ್ನುತ್ತಾರೆ. ವಯೋಮಿಂಗ್‌ನಲ್ಲಿ ಬಂದೂಕಿಗೆ ನಳಿಗೆ ಕೂರಿಸುವ ಕೆಲಸದಲ್ಲಿರುವ ನಾನು ಅವರನ್ನು ಕೇಳುವುದೇ ಬೇರೆ. ದಿನಕ್ಕೆ ಎಷ್ಟು ನಡೆಯುತ್ತೀರಿ? ನೆಲದ ಮೇಲೆ ಕೂತು ಹೊಡೆಯುತ್ತೀರೋ, ಮಲಗಿಯೋ? ಚರ್ಮ ಮಾರುವವರೋ, ಕುರಿ ಕಾಯುವವರೋ? ಇವಕ್ಕೆ ಉತ್ತರ ಸಿಗುವ ತನಕ ಕ್ಯಾಲಿಬರ್, ಅಂದರೆ ಗುಂಡಿನ ಅಳತೆಯ ಮಾತು ಎತ್ತಿ ಪ್ರಯೋಜನವಿಲ್ಲ.

ಕಯೋಟಿ ನೋಡದವರಿಗೆ ಒಂದು ಮಾತು. ಅದು ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಹತ್ತರಿಂದ ಹದಿನಾರು ಕಿಲೊ ತೂಗುತ್ತದೆ. ಚಳಿಗಾಲದ ತುಪ್ಪಳ ಬಂದಾಗ ಅದರ ಒಂದೂವರೆಯಷ್ಟು ಕಾಣುತ್ತದೆ, ಆದರೆ ಗುಂಡು ಬೀಳಬೇಕಾದ ಎದೆಯ ಜಾಗ ಸುಮಾರು ಹತ್ತು ಸೆಂಟಿಮೀಟರ್ ಅಗಲ, ಅಷ್ಟೇ. ಬೇಟೆಯ ರೀತಿಯೂ ಸರಳ. ಸೇಜ್‌ಬ್ರಷ್ ಪೊದೆಯ ಮರೆಯಲ್ಲಿ ಕೂತು, ಸಿಕ್ಕಿಬಿದ್ದ ಮೊಲದ ಕಿರುಚಾಟವನ್ನು ಊದಿಯೋ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದಲೋ ಹೊರಡಿಸಿ, ಹದಿನೈದು ಇಪ್ಪತ್ತು ನಿಮಿಷ ಕಾಯುವುದು. ಬರಲಿಲ್ಲವೋ, ಎದ್ದು ಇನ್ನೊಂದು ಗುಡ್ಡ ದಾಟಿ ಮತ್ತೆ ಕೂರುವುದು. ಬಂದರೂ ನೇರ ಬರುವ ಪ್ರಾಣಿಯಲ್ಲ ಅದು. ಬಳಸಿಕೊಂಡು ಗಾಳಿಯ ಕೆಳಬದಿಗೆ ಹೋಗಿ ವಾಸನೆ ಹಿಡಿಯಲು ನೋಡುತ್ತದೆ. ಕೆಲವೊಮ್ಮೆ ಮುನ್ನೂರು ಗಜದಲ್ಲಿ ನಿಂತುಬಿಡುತ್ತದೆ, ಕೆಲವೊಮ್ಮೆ ಕಾಲಿನ ಹತ್ತಿರವೇ ಓಡಿ ಬರುತ್ತದೆ. ಬೇಟೆಗಾರನಿಗೆ ಸಿಗುವುದು ಕೆಲವೇ ಸೆಕೆಂಡು. ಆಗ ನಳಿಗೆ ತಣ್ಣಗಿರುತ್ತದೆ, ಬೆರಳು ಮರಗಟ್ಟಿರುತ್ತದೆ, ಕೂತ ಭಂಗಿ ಅಡ್ಡಾದಿಡ್ಡಿಯಾಗಿರುತ್ತದೆ.

ಅಂದರೆ ಈ ರೈಫಲ್ ಕಟ್ಟಬೇಕಾದದ್ದು ಐದು ಗುಂಡಿನ ಗುಂಪಿಗಲ್ಲ, ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲ ಈಡಿಗೆ. ದಪ್ಪ ನಳಿಗೆ ಪ್ರೇರಿ ಡಾಗ್ ಎಂಬ, ಬಿಲದಲ್ಲಿ ವಾಸಿಸುವ ಅಳಿಲು ಜಾತಿಯ ಪ್ರಾಣಿಯನ್ನು ಹೊಡೆಯುವವರಿಗೆ ಬೇಕು. ಒಂದೇ ಕಡೆ ಮೇಜು ಹಾಕಿಕೊಂಡು ದಿನಕ್ಕೆ ನೂರಾರು ಗುಂಡು ಹಾರಿಸುವವರು ಅವರು, ತೆಳು ನಳಿಗೆ ಕಾದು ಗುರಿ ಅಲೆಯಲು ಶುರುವಾಗುತ್ತದೆ. ಕಯೋಟಿ ಬೇಟೆಗಾರ ಒಂದು ಕೂತಿಗೆ ಎರಡು ಮೂರು ಗುಂಡು ಹಾರಿಸಿದರೆ ಹೆಚ್ಚು. ಅವನಿಗೆ ಐದೂವರೆ ಕಿಲೊ ತೂಕ ಬರೀ ಹೊರೆ. ಸ್ಕೋಪ್ ಸೇರಿ ನಾಲ್ಕು ಕಿಲೊ ಸುತ್ತಮುತ್ತ ಇದ್ದರೆ ಹೆಗಲೂ ಒಪ್ಪುತ್ತದೆ, ಗುರಿ ಹಿಡಿದಾಗ ಕೈಯಲ್ಲೂ ನಿಲ್ಲುತ್ತದೆ.

ಕ್ಯಾಲಿಬರ್ ವಾದ ಇಲ್ಲಿನ ಊಟದ ಮೇಜಿನಲ್ಲಿ ರಾಜಕೀಯಕ್ಕಿಂತ ಬಿಸಿಯಾಗುತ್ತದೆ. ಹಳಬರ ಪ್ರೀತಿ .22-250 ರೆಮಿಂಗ್ಟನ್. 1915ರ .250-3000 ಸ್ಯಾವೇಜ್ ತೋಟಾದ ಕುತ್ತಿಗೆ ಕಿರಿದು ಮಾಡಿ ಹವ್ಯಾಸಿಗಳು ದಶಕಗಳ ಕಾಲ ಗ್ಯಾರೇಜಿನಲ್ಲೇ ಬಳಸುತ್ತಿದ್ದದ್ದು ಅದು. ರೆಮಿಂಗ್ಟನ್ ಕಂಪನಿ ತನ್ನ ಹೆಸರು ಕೊಟ್ಟದ್ದು 1965ರಲ್ಲಿ. 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ಗುಂಡನ್ನು ಸೆಕೆಂಡಿಗೆ 3,600 ಅಡಿಗೂ ಮೀರಿ ತಳ್ಳುತ್ತದೆ. .223 ರೆಮಿಂಗ್ಟನ್ ಅದೇ ಗುಂಡನ್ನು 3,200 ಅಡಿಯ ಆಸುಪಾಸಿನಲ್ಲಿ ತಳ್ಳುತ್ತದೆ, ಆದರೆ ತೋಟಾ ಅಗ್ಗ, ನಳಿಗೆ ಬಾಳಿಕೆ ಹೆಚ್ಚು, ಒದೆತ ಇಲ್ಲವೆಂದೇ ಹೇಳಬೇಕು. 1955ರ .243 ವಿಂಚೆಸ್ಟರ್ ಗಾಳಿಯಲ್ಲಿ ಗಟ್ಟಿ, ಜಿಂಕೆಗೂ ಆಗುತ್ತದೆ, ಆದರೆ ಒದೆತಕ್ಕೆ ಸ್ಕೋಪಿನಿಂದ ಪ್ರಾಣಿ ಮಾಯವಾಗಿ ಗುಂಡು ಎಲ್ಲಿ ಬಿತ್ತೆಂದು ಕಾಣುವುದಿಲ್ಲ. 2004ರಲ್ಲಿ ಬಂದ .204 ರೂಗರ್ ಹಗುರ ಗುಂಡಿನಲ್ಲಿ 4,000 ಅಡಿ ದಾಟುತ್ತದೆ. ಗಾಳಿಯಿಲ್ಲದ ದಿನ ಅದರಷ್ಟು ಮಜಾ ಇನ್ನೊಂದಿಲ್ಲ. ವಯೋಮಿಂಗ್‌ನಲ್ಲಿ ಗಾಳಿಯಿಲ್ಲದ ದಿನ ಸಿಕ್ಕರೆ!

ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಗೆ .223ರ 55 ಗ್ರೇನ್ ಗುಂಡು 300 ಗಜದಲ್ಲಿ ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಹತ್ತು ಸೆಂಟಿಮೀಟರ್ ಗುರಿಗೆ ಅದೆಷ್ಟು ದೊಡ್ಡ ತಪ್ಪು ಎಂದು ಲೆಕ್ಕ ಹಾಕಿಕೊಳ್ಳಿ. ಅದಕ್ಕೇ ಬಟಾಬಯಲಿನವರಿಗೆ .22-250 ಅಥವಾ .243 ಹೇಳುತ್ತೇನೆ, ಹಳ್ಳಕೊಳ್ಳ ಪೊದೆಗಳ ನಡುವೆ 200 ಗಜದೊಳಗೆ ಹೊಡೆಯುವವರಿಗೆ .223ಕ್ಕಿಂತ ಹೆಚ್ಚಿನದು ಬೇಡವೇ ಬೇಡ ಎನ್ನುತ್ತೇನೆ. ಈ ಎರಡನೇ ಗುಂಪಿನವರಲ್ಲಿ ಕೆಲವರಿಗೆ ಕಸ್ಟಮ್ ರೈಫಲ್ಲೇ ಬೇಡ. ಟಿಕ್ಕಾ ಟಿ3ಎಕ್ಸ್‌ನಂಥ ಕಾರ್ಖಾನೆಯ ರೈಫಲ್ ಕೊಂಡು ಉಳಿದ ಹಣಕ್ಕೆ ತೋಟಾ ಕೊಂಡು ಅಭ್ಯಾಸ ಮಾಡಿ ಎಂದು ಹೇಳಿ ಕಳಿಸಿದ್ದೂ ಉಂಟು. ವ್ಯಾಪಾರಕ್ಕೆ ಒಳ್ಳೆಯದಲ್ಲ, ಆದರೆ ಅವರೇ ಆಮೇಲೆ ನಳಿಗೆ ಬದಲಿಸಲು ಬರುತ್ತಾರೆ.

ಚರ್ಮ ಮಾರುವವರ ಲೆಕ್ಕ ಬೇರೆಯಿತ್ತು. ಗುಂಡು ಸಣ್ಣ ತೂತಿನಲ್ಲಿ ಒಳಹೋಗಿ ಒಳಗೇ ಚೂರಾಗಬೇಕು, ಆಚೆ ಬದಿಯಿಂದ ಹೊರಬರಬಾರದು. ಜಾಕೆಟ್ಟಿನ ಟೊಪ್ಪಿಗೆಯ ಅಂಚಿಗೆ ಕಯೋಟಿ ತುಪ್ಪಳ ಬಳಸುತ್ತಿದ್ದ ಕೆನಡಾ ಗೂಸ್ ಕಂಪನಿ 2021ರಲ್ಲಿ ತುಪ್ಪಳವನ್ನೇ ಕೈಬಿಡುವುದಾಗಿ ಘೋಷಿಸಿತು. ಈಗ ನನ್ನಲ್ಲಿಗೆ ಬರುವವರಲ್ಲಿ ಚರ್ಮದ ಚಿಂತೆಯವರು ಕಡಿಮೆ, ಕುರಿಮರಿಯ ಚಿಂತೆಯವರು ಹೆಚ್ಚು.

ಈಗ ನಳಿಗೆ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ನಳಿಗೆಯೊಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಎಂಬುದೇ ಟ್ವಿಸ್ಟ್. ಹಳೆಯ .22-250 ರೈಫಲ್‌ಗಳಲ್ಲಿ 14 ಇಂಚಿಗೆ ಒಂದು ಸುತ್ತು, ಈಗಿನ .223ಗಳಲ್ಲಿ 8 ಇಂಚಿಗೆ ಒಂದು. ಗುಂಡು ಬುಗುರಿಯ ಹಾಗೆ ತಿರುಗುತ್ತಲೇ ನೆಟ್ಟಗೆ ಹೋಗಬೇಕು, ಸುತ್ತು ಸಾಲದಿದ್ದರೆ ಓಲಾಡಿ ಕಾಗದದಲ್ಲಿ ಅಡ್ಡ ತೂತು ಮಾಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಟ್ವಿಸ್ಟ್ ಕೇಳುವುದು ಗುಂಡಿನ ತೂಕವನ್ನಲ್ಲ, ಉದ್ದವನ್ನು. 1879ರಲ್ಲಿ ಇಂಗ್ಲೆಂಡಿನ ವೂಲಿಚ್‌ನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಹಾಕಿಕೊಟ್ಟ ಸೂತ್ರದಲ್ಲೂ ಇರುವುದು ಗುಂಡಿನ ವ್ಯಾಸ ಮತ್ತು ಉದ್ದ. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕದ ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದವಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಅಲ್ಲಿನವರು ಅಪ್ಪನ ಕಾಲದ .22-250ಗೆ ತಾಮ್ರದ ಗುಂಡು ಹಾಕಿ, ರೈಫಲ್ ಕೆಟ್ಟಿದೆ ಎಂದು ಫೋನ್ ಮಾಡುತ್ತಾರೆ. ರೈಫಲ್ ಕೆಟ್ಟಿಲ್ಲ, ಆ ನಳಿಗೆಗೆ ಆ ಗುಂಡು ಉದ್ದವಾಯಿತು.

ಚಳಿಯೂ ಈ ಲೆಕ್ಕದಲ್ಲಿ ಸೇರುತ್ತದೆ. ತಣ್ಣನೆಯ ಗಾಳಿ ದಟ್ಟ, ಅದರಲ್ಲಿ ಗುಂಡು ನೆಟ್ಟಗಿರಲು ಹೆಚ್ಚು ಸುತ್ತು ಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದ ಸೇನೆ ಎಆರ್-15 ರೈಫಲ್ಲನ್ನು ಶೀತಪ್ರದೇಶದಲ್ಲಿ ಪರೀಕ್ಷಿಸಿದಾಗ 14 ಇಂಚಿನ ಟ್ವಿಸ್ಟ್ ಸಾಲದೆ 12 ಇಂಚಿಗೆ ಬದಲಿಸಿದ್ದು ಇದೇ ಕಾರಣಕ್ಕೆ. ಹಾಗಾದರೆ ಎಲ್ಲಕ್ಕೂ 8 ಇಂಚೇ ಹಾಕಿಬಿಡೋಣವೇ? ಅದಕ್ಕೂ ಮಿತಿಯಿದೆ. 3,800 ಅಡಿ ವೇಗದ ಗುಂಡು 14 ಇಂಚಿನ ಟ್ವಿಸ್ಟ್‌ನಲ್ಲಿ ನಿಮಿಷಕ್ಕೆ ಸುಮಾರು 1,95,000 ಸುತ್ತು ತಿರುಗಿದರೆ 8 ಇಂಚಿನಲ್ಲಿ 3,42,000 ಸುತ್ತು ತಿರುಗುತ್ತದೆ. ಚೂರಾಗಲೆಂದೇ ತೆಳು ಕವಚ ಹೊದಿಸಿದ ಹಗುರ ಗುಂಡು ಆ ವೇಗಕ್ಕೆ ದಾರಿಯಲ್ಲೇ ಸಿಡಿದು ಹೋಗಬಹುದು, ಕಣ್ಣಿಗೆ ಕಾಣುವುದು ಒಂದು ಬೂದು ಹೊಗೆಯ ಗೆರೆ ಮಾತ್ರ. ಆದ್ದರಿಂದ ಮೊದಲು ಗುಂಡು ಆರಿಸಿ, ಆಮೇಲೆ ನಳಿಗೆಗೆ ಆರ್ಡರ್ ಕೊಡಿ. 50–55 ಗ್ರೇನ್ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂಬ .22-250 ಮಾಲೀಕನಿಗೆ 12 ಇಂಚು ಧಾರಾಳ. ತಾಮ್ರವೋ 75 ಗ್ರೇನೋ ಬೇಕೆಂದರೆ 8.

ಬಾರ್ಟ್‌ಲೈನ್, ಕ್ರೀಗರ್, ಲಿಲ್ಜಾ, ಶೈಲನ್ ಇವರ ನಳಿಗೆಗಳಲ್ಲಿ ಯಾವುದು ಮೇಲು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನಳಿಗೆಯನ್ನು ತೋಟಾ ತುಂಬಿ ಹಾರಿಸುವ ಯಂತ್ರಭಾಗವಾದ ಆಕ್ಷನ್‌ಗೆ ಕೂರಿಸುವವನ ಕೈ ಅದಕ್ಕಿಂತ ಮುಖ್ಯ. ತೋಟಾ ಕೂರುವ ಚೇಂಬರ್ ನಳಿಗೆಯ ರಂಧ್ರದ ನೇರಕ್ಕೇ ಇರಬೇಕು, ಒಂದು ಇಂಚಿನ ಸಾವಿರದ ಒಂದು ಭಾಗ ಆಚೀಚೆಯಾದರೂ ಗುಂಡು ಹೊರಡುವಾಗಲೇ ಓರೆಯಾಗುತ್ತದೆ. ಹೆಡ್‌ಸ್ಪೇಸ್ ಎಂಬ, ಚೇಂಬರಿನಲ್ಲಿ ತೋಟಾಕ್ಕೆ ಬಿಡುವ ಜಾಗದ ಅಳತೆ ತಪ್ಪಿದರೆ ಕೆಡುವುದು ಗುರಿಯೊಂದೇ ಅಲ್ಲ, ತೋಟಾದ ಹಿತ್ತಾಳೆ ಸೀಳಿ ಬಿಸಿ ಅನಿಲ ಮುಖಕ್ಕೇ ಬರಬಹುದು. ಮನೆಯ ಗ್ಯಾರೇಜಿನಲ್ಲಿ ಕಲಿತು ಮಾಡುವ ಕೆಲಸ ಇದಲ್ಲ. ಅಳತೆಯ ಗೇಜುಗಳಿಲ್ಲದೆ ನಳಿಗೆ ಬಿಗಿಯುವವರ ಹತ್ತಿರ ಹೋಗಬೇಡಿ, ಅವರು ಎಷ್ಟೇ ಅಗ್ಗಕ್ಕೆ ಮಾಡಿಕೊಟ್ಟರೂ.

ಆಕ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1962ರಲ್ಲಿ ಬಂದ ರೆಮಿಂಗ್ಟನ್ 700ರ ಅಳತೆಗೆ ಒಗ್ಗುವ ಯಾವುದಾದರೂ ಒಳ್ಳೆಯ ಆಕ್ಷನ್ ತೆಗೆದುಕೊಂಡರೆ ಟ್ರಿಗರ್, ಸ್ಟಾಕ್ (ಭುಜಕ್ಕೆ ಒತ್ತುವ ಹಿಡಿ), ಸ್ಕೋಪ್‌ ಬೇಸ್ ಎಲ್ಲ ಮಾರುಕಟ್ಟೆಯಲ್ಲಿ ಸಿಗುತ್ತವೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ಗೆ ದಪ್ಪ ಗ್ರೀಸ್ ಹಚ್ಚಬೇಡಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಅದು ಅಂಟಾಗಿ ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ ನಿಧಾನವಾಗುತ್ತದೆ. ಟ್ರಿಗರ್ ಎಳೆಯಲು ಬೇಕಾದ ಬಲವನ್ನು ಒಂದು ಪೌಂಡಿಗೆ ಇಳಿಸಿಕೊಡಿ ಎಂದು ಕೇಳುವವರಿದ್ದಾರೆ. ಬೇಟೆಯ ರೈಫಲ್ಲಿಗೆ ಎರಡು ಪೌಂಡಿಗಿಂತ ಕೆಳಗೆ ನಾನು ಇಳಿಸುವುದಿಲ್ಲ. ದಪ್ಪ ಕೈಗವಸಿನ ಬೆರಳಿಗೆ ಟ್ರಿಗರ್ ಎಲ್ಲಿದೆ ಎಂದು ತಿಳಿಯುವ ಮೊದಲೇ ಈಡು ಹಾರಿದರೆ ಅದು ಯಾರಿಗೆ ತಗಲುತ್ತದೋ.

ಸ್ಟಾಕ್ ಅಳತೆ ಕೊಡಲು ಬೇಸಿಗೆಯಲ್ಲಿ ಟೀ-ಶರ್ಟ್ ಹಾಕಿಕೊಂಡು ಬರುತ್ತಾರೆ. ಜನವರಿಯ ಜಾಕೆಟ್ ತಂದು ಹಾಕಿಕೊಳ್ಳಿ ಎಂದರೆ ನಗುತ್ತಾರೆ. ಆ ಜಾಕೆಟ್ಟಿನ ದಪ್ಪಕ್ಕೆ ಸ್ಟಾಕ್ ಅರ್ಧ ಇಂಚಾದರೂ ಗಿಡ್ಡ ಬೇಕು, ಇಲ್ಲದಿದ್ದರೆ ಭುಜಕ್ಕೆ ಎತ್ತುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಕಣ್ಣು ಸ್ಕೋಪಿನಿಂದ ದೂರ ಉಳಿಯುತ್ತದೆ. ಸ್ಕೋಪಿನಲ್ಲಿ ಜನ ದೊಡ್ಡ ಸಂಖ್ಯೆಗೆ ಹಣ ಕೊಡುತ್ತಾರೆ, ಕಯೋಟಿ ಬೇಟೆಗಾರನಿಗೆ ಬೇಕಾದದ್ದು ಚಿಕ್ಕ ಸಂಖ್ಯೆ. ಮೂವತ್ತು ಗಜಕ್ಕೆ ಓಡಿಬಂದ ಪ್ರಾಣಿಯನ್ನು ಆರು ಪಟ್ಟು ಹಿಗ್ಗಿಸಿ ನೋಡಿದರೆ ಕಾಣುವುದು ಬರೀ ಕೂದಲು. ಕೆಳಗೆ ಎರಡೂವರೆ ಅಥವಾ ಮೂರರಿಂದ ಶುರುವಾಗಿ ಮೇಲೆ ಹತ್ತೋ ಹದಿನೈದೋ ಇದ್ದರೆ ಸಾಕು. ಸ್ಕೋಪಿನ ಸ್ಕ್ರೂಗಳನ್ನು ಟಾರ್ಕ್ ವ್ರೆಂಚ್‌ನಿಂದ ಬಿಗಿಯಿರಿ. ಗುರಿ ತಪ್ಪುತ್ತಿದೆ ಎಂದು ವಾಪಸು ಬರುವ ರೈಫಲ್‌ಗಳಲ್ಲಿ ನಾನು ಮೊದಲು ನೋಡುವುದು ಅದನ್ನೇ, ಬಹಳ ಸಲ ಮುಂದೆ ನೋಡಬೇಕಾಗಿ ಬರುವುದಿಲ್ಲ.

ನಳಿಗೆಯ ಉದ್ದ ಸೈಲೆನ್ಸರ್ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ. 1934ರ ಕಾನೂನಿನ ಪ್ರಕಾರ ಅದಕ್ಕಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ, ನೋಂದಣಿ ಮಾತ್ರ ತಪ್ಪಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಅದು ಸಿಗುವುದೇ ಇಲ್ಲ. 24 ಇಂಚಿನ ನಳಿಗೆಗೆ ಏಳು ಇಂಚಿನ ಸೈಲೆನ್ಸರ್ ಸೇರಿದರೆ ಪಿಕಪ್ಪಿನ ಬಾಗಿಲಿಗೂ ಪೊದೆಗೂ ತಾಗುತ್ತಲೇ ಇರುತ್ತದೆ. ನಾನು 20ಕ್ಕೆ ಇಳಿಸುತ್ತೇನೆ. ಇಂಚಿಗೆ ಸುಮಾರು 25ರಿಂದ 35 ಅಡಿ ವೇಗ ಹೋಗುತ್ತದೆ, 250 ಗಜದಲ್ಲಿ ಕಯೋಟಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ರೈಫಲ್ ಕೈಗೆ ಕೊಡುವಾಗ ನಾನು ಹೇಳಿಕೊಡುವ ಪರೀಕ್ಷೆ ಒಂದೇ. ಒಂದು ಕಾಗದ ಇಟ್ಟುಕೊಳ್ಳಿ. ಬೆಳಗ್ಗೆ ಒಂದೇ ಒಂದು ಗುಂಡು ಹಾರಿಸಿ, ಮನೆಗೆ ಹೋಗಿ. ಇನ್ನೊಂದು ದಿನ, ಸಾಧ್ಯವಾದರೆ ಹೆಚ್ಚು ಚಳಿಯ ದಿನ, ಅದೇ ಕಾಗದಕ್ಕೆ ಮತ್ತೊಂದು. ಹೀಗೆ ಹತ್ತು ತೂತು ಆದ ಮೇಲೆ ಕಾಣುವುದೇ ನಿಮ್ಮ ರೈಫಲ್‌ನ ನಿಜವಾದ ಗುಂಪು. ನಳಿಗೆ ಒರೆಸಿ ಎಣ್ಣೆ ಹಚ್ಚಿದ ಮರುದಿನದ ಮೊದಲ ಗುಂಡು ಬಹಳ ರೈಫಲ್‌ಗಳಲ್ಲಿ ಬೇರೆ ಕಡೆ ಬೀಳುತ್ತದೆ, ಅದು ನಿಮ್ಮದರಲ್ಲಿ ಎಷ್ಟು ಎಂದು ತಿಳಿದಿರಲಿ. ಬೇಟೆಯ ಹಿಂದಿನ ರಾತ್ರಿ ನಳಿಗೆ ಒರೆಸುವ ಶಿಸ್ತು ನನಗಂತೂ ಬೇಡ. ಸ್ವಂತ ತೋಟಾ ತುಂಬುವವರು ಚಳಿಗೂ ಸೆಕೆಗೂ ವೇಗ ಬದಲಾಗದ ಮದ್ದು, ಉದಾಹರಣೆಗೆ ಹಾಜ್‌ಡನ್‌ನ ವಾರ್ಗೆಟ್, ಆರಿಸಿಕೊಂಡರೆ ತಲೆನೋವು ಕಡಿಮೆ.

ಇಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆ ಬಹುತೇಕ ಒಂದೇ: ಎಚ್-1ಬಿ ವೀಸಾದಲ್ಲಿರುವವರು ರೈಫಲ್ ಇಟ್ಟುಕೊಳ್ಳಬಹುದೇ? ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ, ಸ್ನೇಹಿತನಿಂದ ಎರವಲು ತಂದರೂ ಅಪರಾಧವೇ. ಇದಕ್ಕಿರುವ ಮುಖ್ಯ ವಿನಾಯಿತಿ, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಒಂದು ವಿಚಿತ್ರವೆಂದರೆ, ವಯೋಮಿಂಗ್‌ನಲ್ಲಿ ಕಯೋಟಿಯನ್ನು ಪರಭಕ್ಷಕ ಪ್ರಾಣಿ ಎಂದು ವರ್ಗೀಕರಿಸಿರುವುದರಿಂದ ಅದರ ಬೇಟೆಗೆ ಲೈಸೆನ್ಸೇ ಬೇಕಿಲ್ಲ, ವರ್ಷವಿಡೀ ಹೊಡೆಯಬಹುದು. ಹಾಗೆಂದು ವೀಸಾದವರು ಲೈಸೆನ್ಸ್ ತೆಗೆಸದೆ ಇದ್ದರೆ ಕಯೋಟಿಯ ಕಾನೂನು ಅವರನ್ನು ಕಾಯುವುದಿಲ್ಲ, ಬಂದೂಕಿನ ಕಾನೂನು ಹಿಡಿಯುತ್ತದೆ. ಕೊಡಗಿನ ಗೆಳೆಯರೊಬ್ಬರು, ನಮಗೆ ಊರಲ್ಲಿ ಕೋವಿಗೆ ಲೈಸೆನ್ಸೇ ಬೇಡ ಎಂದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಅಲ್ಲಿನದು, ಅದೂ ಕೋವಿ ಇಟ್ಟುಕೊಳ್ಳಲು ಮಾತ್ರ. 1972ರ ವನ್ಯಜೀವಿ ಕಾಯ್ದೆಯಡಿ ನರಿ ಹೊಡೆಯಲು ಅವರಿಗೂ ಅವಕಾಶವಿಲ್ಲ. ಇಲ್ಲಿ ರೈಫಲ್‌ಗೆ ಆರ್ಡರ್ ಕೊಡುವ ಮೊದಲು ಲೈಸೆನ್ಸ್‌ನ ಪ್ರತಿ ತನ್ನಿ. ಕಾನೂನಿನ ಕಣ್ಣಲ್ಲಿ ಬಂದೂಕು ಎಂದರೆ ಸರಣಿ ಸಂಖ್ಯೆಯಿರುವ ಆಕ್ಷನ್. ನಳಿಗೆ, ಸ್ಟಾಕ್, ಸ್ಕೋಪ್‌ಗಳನ್ನು ನೀವು ಈಗಲೇ ಕೊಂಡು ಮನೆಯಲ್ಲಿಟ್ಟುಕೊಳ್ಳಬಹುದು, ಆಕ್ಷನ್ ಮಾತ್ರ ಕಾಗದ ಸರಿಯಾಗುವ ತನಕ ಡೀಲರ್‌ನ ಬೀರುವಿನಲ್ಲೇ ಇರುತ್ತದೆ.