ಸುಮೇರು ನಮ್ಮ ಭಾರತವೇ, ಅರಬ್ ನಾಡೇ?

ಪ್ರಶ್ನೆ: ಗೆನ್‌ಶಿನ್ ಇಂಪ್ಯಾಕ್ಟ್ ಆಟದಲ್ಲಿ ಸುಮೇರು ಅನ್ನೋ ದೇಶ ಬರುತ್ತೆ ಸರ್. ಹೆಸರು, ಕಾಡು, ದೇವತೆ ಎಲ್ಲ ನಮ್ಮವೇ ಅನ್ನಿಸುತ್ತೆ. ಆದರೆ ಅಲ್ಲಿನ ಜನರ ಹೆಸರು ಅರಬ್ಬಿ, ಬಟ್ಟೆಬರೆ ಈಜಿಪ್ಟಿನದು. ಇದು ಭಾರತ ಅಂತ ನಾನು, ಅಲ್ಲವೇ ಅಲ್ಲ ಅಂತ ನನ್ನ ತೆಲುಗು ಗೆಳೆಯರು. ನಿಜವಾಗಿ ಯಾವ ದೇಶ ನೋಡಿ ಮಾಡಿದ್ದು?
(ಒಬ್ಬ ವಿದ್ಯಾರ್ಥಿ, ರಾಯದುರ್ಗ, ಅನಂತಪುರ ಜಿಲ್ಲೆ)

ಉತ್ತರ: ಒಂದೇ ದೇಶ ನೋಡಿ ಮಾಡಿದ್ದಲ್ಲ. ನೈಲ್ ನದಿಯಿಂದ ಗಂಗೆಯವರೆಗಿನ ನೆಲವನ್ನೆಲ್ಲ ಒಂದು ನಕ್ಷೆಯೊಳಗೆ ಸೇರಿಸಿದ್ದಾರೆ. ಪಶ್ಚಿಮದ ಮರಳುಗಾಡು ಈಜಿಪ್ಟ್. ಪೂರ್ವದ ಮಳೆಕಾಡಿನಲ್ಲಿ ಭಾರತ ಜಾಸ್ತಿ. ರಾಜಧಾನಿಯ ದೊಡ್ಡ ವಿದ್ಯಾಲಯದಲ್ಲಿ ಇರಾನ್ ಮತ್ತು ಬಾಗ್ದಾದ್. ಹಾಗಾಗಿ ನೀವು ಹೇಳಿದ್ದೂ ಸರಿ, ನಿಮ್ಮ ಗೆಳೆಯರು ಹೇಳಿದ್ದೂ ಸರಿ. ಆದರೆ ಯಾವ ಭಾಗ ಎಲ್ಲಿಂದ ಬಂತು ಅಂತ ನೋಡುತ್ತಾ ಹೋದರೆ ನಿಮ್ಮ ಊರಿನ ಸುತ್ತಮುತ್ತಲಿನ ಬಂಡೆಗಳವರೆಗೂ ಬಂದು ನಿಲ್ಲುತ್ತೇವೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆಡದವರಿಗೆ ಒಂದು ಮಾತು. ಗೆನ್‌ಶಿನ್ ಇಂಪ್ಯಾಕ್ಟ್ ಚೀನಾದ ಮಿಹೊಯೊ ಕಂಪನಿಯ ಆಟ. 2020ರ ಸೆಪ್ಟೆಂಬರ್‌ನಲ್ಲಿ ಬಂತು. ತೇವತ್ ಅನ್ನೋ ಕಲ್ಪನೆಯ ಲೋಕದಲ್ಲಿ ಏಳು ದೇಶಗಳು. ಒಂದು ದೇಶ ಜರ್ಮನಿಯ ಹಾಗೆ, ಇನ್ನೊಂದು ಚೀನಾ, ಮತ್ತೊಂದು ಜಪಾನ್. 2022ರ ಆಗಸ್ಟ್‌ನಲ್ಲಿ ನಾಲ್ಕನೆಯದಾಗಿ ಸುಮೇರು ಸೇರಿತು. ಮೇರು ಪರ್ವತದ ಇನ್ನೊಂದು ಹೆಸರೇ ಸುಮೇರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾಡಿನಿಂದಲೇ ಶುರು ಮಾಡೋಣ. ಸುಮೇರುವಿನ ದೇವತೆ ಪುಟ್ಟ ಹುಡುಗಿ. ಅವಳ ಬಿರುದು ಕುಸನಾಳಿ. ಅವಳಿಗಿಂತ ಮೊದಲು ಇದ್ದ ದೊಡ್ಡ ದೇವತೆಯ ಹೆಸರು ರುಕ್ಖದೇವತಾ. ಇವೆರಡೂ ಪಾಳಿ ಭಾಷೆಯ ಮಾತುಗಳು. ರುಕ್ಖದೇವತಾ ಅಂದರೆ ಮರದ ದೇವತೆ. ಬೌದ್ಧರ ಜಾತಕ ಕತೆಗಳಲ್ಲಿ, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕತೆಗಳಲ್ಲಿ, 121ನೆಯದು ಕುಸನಾಳಿ ಜಾತಕ. ಆಟ ಮಾಡಿದವರು ಇದನ್ನು ಗಮನವಿಟ್ಟು ಓದಿದ್ದಾರೆ ಅಂತ ನನಗೆ ಅನ್ನಿಸುವುದಕ್ಕೆ ಕಾರಣ ಆ ಕತೆಯೇ.

ಕಾಶಿಯ ರಾಜನ ಅರಮನೆಗೆ ಒಂದೇ ಕಂಬದ ಆಸರೆ. ಅದು ಅಲುಗಾಡಲು ಶುರುವಾಯಿತು. ಬದಲಿ ಕಂಬಕ್ಕೆ ಅಂತ ಬಡಗಿಗಳು ರಾಜನ ತೋಟದ ದೊಡ್ಡ ಮರವೊಂದನ್ನು ಆರಿಸಿದರು. ಪೂಜೆ ಮಾಡಿ, ನಾಳೆ ಕಡಿಯುತ್ತೇವೆ ಅಂತ ಹೇಳಿ ಹೋದರು. ಮರದಲ್ಲಿದ್ದ ದೇವತೆ ಮಕ್ಕಳನ್ನು ಅಪ್ಪಿಕೊಂಡು ಅಳತೊಡಗಿತು. ಉಳಿದ ಮರಗಳ ದೇವತೆಗಳು ಬಂದವು. ಯಾರಿಗೂ ದಾರಿ ತೋಚಲಿಲ್ಲ. ಆಗ ಪಕ್ಕದಲ್ಲೇ ಬೆಳೆದಿದ್ದ ಕುಶ ಹುಲ್ಲಿನ ದೇವತೆ ಬಂತು. ಅದು ಬೋಧಿಸತ್ವನೇ. ಮರುದಿನ ಬಡಗಿಗಳು ಬರುವ ಹೊತ್ತಿಗೆ ಅದು ಗೋಸುಂಬೆಯ ರೂಪ ತಾಳಿ ಬೇರಿನಿಂದ ತುದಿಯವರೆಗೆ ಓಡಾಡಿ, ಇಡೀ ಮರ ತೂತುಬಿದ್ದಂತೆ ಕಾಣಿಸಿತು. ಬಡಗಿ ಕೈಯಿಂದ ತಟ್ಟಿ ನೋಡಿ, ಇದು ಒಳಗೆ ಲಡ್ಡಾಗಿದೆ ಅಂತ ಬಿಟ್ಟುಹೋದ. ಹುಲ್ಲು ಮರವನ್ನು ಉಳಿಸಿತು.

ಇನ್ನೂ ಆಟ ಮುಗಿಸದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಆಟದಲ್ಲೂ ಲೋಕದ ನೆನಪನ್ನೆಲ್ಲ ಹೊತ್ತ ಒಂದು ಮಹಾಮರ ಇದೆ, ಅದಕ್ಕೆ ರೋಗ ತಗುಲಿದೆ. ದೊಡ್ಡವರು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಪುಟ್ಟ ದೇವತೆಯೇ ಕೊನೆಗೆ ಅದನ್ನು ವಾಸಿ ಮಾಡುತ್ತಾಳೆ. ಜಾತಕದಲ್ಲಿ ಮರ ಕೆಟ್ಟಂತೆ ಕಂಡದ್ದು ಸುಳ್ಳು, ಇಲ್ಲಿ ನಿಜಕ್ಕೂ ಕೆಟ್ಟಿದೆ. ಒಂದು ಹೆಸರು ಎತ್ತಿಕೊಂಡು ಸುಮ್ನೆ ಅಂಟಿಸಿದ್ದರೆ ಕತೆ ಇಷ್ಟು ಹೊಂದುತ್ತಿರಲಿಲ್ಲ.

ಕಾಡಿನ ಪುಟಾಣಿ ಜೀವಿಗಳಾದ ಅರನಾರರ ಉದ್ದನೆಯ ಕತೆಗೆ ಆರಣ್ಯಕ ಅಂತಲೇ ಹೆಸರು. ಕಾಡಿನ ಭಾಗಗಳ ಹೆಸರು ಅವಿದ್ಯಾ, ಲೋಕಪಾಲ, ಧರ್ಮ. ಜನ ಕಿವಿಗೆ ತೊಟ್ಟು ಜ್ಞಾನ ಪಡೆಯುವ ಯಂತ್ರದ ಹೆಸರು ಆಕಾಶ.

ಈಗ ಮಹಾಮಾತ್ರರ, ಅಂದರೆ ಅಶೋಕನ ಕಾಲದ ಹಿರಿಯ ಅಧಿಕಾರಿಗಳ, ವಿಷಯ. ಸೈನೋ ಅನ್ನೋ ಪಾತ್ರ ಗೊತ್ತಲ್ವಾ, ನರಿಕಿವಿಯ ಟೊಪ್ಪಿ ಹಾಕಿಕೊಂಡು ಈಜಿಪ್ಟಿನ ಅನೂಬಿಸ್ ದೇವರ ಹಾಗೆ ಕಾಣುವವನು. ಅವನ ಹುದ್ದೆ ಜನರಲ್ ಮಹಾಮಾತ್ರ. ಸಂಶೋಧನೆಯ ನಿಯಮ ಮುರಿದ ಪಂಡಿತರನ್ನು ಹಿಡಿಯುವುದು ಅವನ ಕೆಲಸ. ಬಟ್ಟೆ ಈಜಿಪ್ಟಿನದಾದರೂ ಹುದ್ದೆ ಪೂರ್ತಿ ಅಶೋಕನದು. ಗುತ್ತಿಯ ಹತ್ತಿರದ ಎರ್ರಗುಡಿ ಬಂಡೆಗಳು ನಿಮಗೆ ಗೊತ್ತಿರಬಹುದು. ಕರ್ನೂಲು ಜಿಲ್ಲೆಗೆ ಸೇರುತ್ತವೆ. ಅಲ್ಲಿ ಅಶೋಕನ 14 ದೊಡ್ಡ ಶಾಸನಗಳೂ ಇವೆ, ಜೊತೆಗೆ ಚಿಕ್ಕ ಶಾಸನಗಳೂ ಇವೆ. ಐದನೆಯ ಶಾಸನದಲ್ಲಿ ರಾಜ ಹೇಳುತ್ತಾನೆ: ಹಿಂದೆ ಧರ್ಮಮಹಾಮಾತ್ರರು ಅಂತ ಇರಲಿಲ್ಲ, ನನಗೆ ಪಟ್ಟವಾಗಿ 13 ವರ್ಷವಾದಾಗ ನಾನೇ ನೇಮಿಸಿದೆ. ಅವರ ಕೆಲಸವನ್ನೂ ಬಿಡಿಸಿ ಹೇಳಿದ್ದಾನೆ. ಸೆರೆಮನೆಯಲ್ಲಿ ಇರುವವರನ್ನು ನೋಡಬೇಕು. ಅವರಿಗೆ ಮಕ್ಕಳುಮರಿ ಇದ್ದರೆ, ವಯಸ್ಸಾಗಿದ್ದರೆ ಬಿಡುಗಡೆಗೆ ಪ್ರಯತ್ನ ಮಾಡಬೇಕು. ಆಟದ ಮಹಾಮಾತ್ರನನ್ನು ಕಂಡರೆ ವಿದ್ಯಾರ್ಥಿಗಳು ನಡುಗುತ್ತಾರೆ. ಅಶೋಕ ಇಟ್ಟವನು ಕೈದಿಯ ಮನೆಯ ಕಷ್ಟ ವಿಚಾರಿಸುವವನು. ನನಗೆ ಎರಡನೆಯವನೇ ಇಷ್ಟ.

ವಿದ್ಯಾಲಯಕ್ಕೆ ಬಂದರೆ ಬೆರಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಆರು ವಿಭಾಗ, ಅವುಗಳಿಗೆ ದರ್ಶನ ಅಂತ ಹೆಸರು. ನಮ್ಮ ಷಡ್ದರ್ಶನ ಕೂಡಲೇ ನೆನಪಾಗುತ್ತದೆ. ಆದರೆ ವಿಭಾಗಗಳ ಹೆಸರು ನೋಡಿ: ಅಮುರ್ತ, ಹರವತತ್, ಕ್ಷಹ್ರೇವರ್, ಋತವಹಿಷ್ಟ್, ಸ್ಪಂತಮದ್, ವಹುಮನ. ಇವು ಜರಥುಷ್ಟ್ರನ ಧರ್ಮದಲ್ಲಿ, ಅಂದರೆ ನಮ್ಮ ಪಾರ್ಸಿಗಳ ಧರ್ಮದಲ್ಲಿ, ಅಹುರ ಮಜ್ದನ ಜೊತೆಗಿರುವ ಆರು ದಿವ್ಯಶಕ್ತಿಗಳ ಹೆಸರುಗಳು. ಅವರನ್ನು ಅಮೇಶ ಸ್ಪೆಂತ ಅನ್ನುತ್ತಾರೆ. ಲೆಕ್ಕ ಭಾರತದ್ದು, ಹೆಸರು ಇರಾನಿನದು. ಪುಟ್ಟ ದೇವತೆಗೂ ಹೀಗೇ. ಬಿರುದು ಪಾಳಿ, ಆದರೆ ನಹೀದಾ ಅನ್ನೋ ಅವಳ ಹೆಸರು ಬಂದದ್ದು ಇರಾನಿನ ಜಲದೇವತೆ ಅನಾಹಿತಾಳಿಂದ. ಊರಿನ ಆಸ್ಪತ್ರೆಗೆ ಬಿಮಾರಿಸ್ತಾನ್ ಅನ್ನುತ್ತಾರೆ. ಬಾಗ್ದಾದ್, ಡಮಾಸ್ಕಸ್, ಕೈರೋ ನಗರಗಳಲ್ಲಿ ನಡುಗಾಲದ ಆಸ್ಪತ್ರೆಗಳನ್ನು ಕರೆಯುತ್ತಿದ್ದದ್ದೇ ಹಾಗೆ.

ಪಂಡಿತರಲ್ಲಿ ಅಲ್‌ಹೈತಮ್ ಬಗ್ಗೆ ಹೇಳಲೇಬೇಕು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ತೀರಿಕೊಂಡ ಇಬ್ನ್ ಅಲ್ ಹೈಥಮ್ ಬೆಳಕಿನ ಶಾಸ್ತ್ರದ ದೊಡ್ಡ ಹೆಸರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಅಂತ ಹಿಂದಿನ ಹಲವರು ನಂಬಿದ್ದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಅಂತ ಇವನು ಪ್ರಯೋಗಗಳಿಂದ ತೋರಿಸಿದ. ಇವನ ಬಗ್ಗೆ ಹಳೆಯ ಕತೆಯೊಂದಿದೆ. ನೈಲ್ ನದಿಯ ನೆರೆ ತಡೆಯುತ್ತೇನೆ ಅಂತ ಈಜಿಪ್ಟಿನ ಖಲೀಫ ಅಲ್ ಹಾಕಿಮ್‌ಗೆ ಮಾತು ಕೊಟ್ಟ. ಹೋಗಿ ನೋಡಿದರೆ ಆಗದ ಕೆಲಸ. ಖಲೀಫನ ಸಿಟ್ಟಿಗೆ ಹೆದರಿ ಹುಚ್ಚನ ಹಾಗೆ ನಟಿಸಿದ, ಖಲೀಫ ಸಾಯುವವರೆಗೆ ಮನೆಯಲ್ಲೇ ಉಳಿದ. ಆಟದಲ್ಲಿ ಅಲ್‌ಹೈತಮ್ ಏನು ಮಾಡುತ್ತಾನೆ ನೆನಪಿದೆಯಾ? ವಿದ್ಯಾಲಯದ ಮುಖ್ಯಸ್ಥನ ಮುಂದೆ ಹುಚ್ಚು ಹಿಡಿದವನಂತೆ ನಟಿಸುತ್ತಾನೆ. ಆ ದೃಶ್ಯ ಬಂದಾಗ ನನಗಂತೂ ಮೈ ಜುಮ್ಮೆಂದಿತು. ಗಿಡಮೂಲಿಕೆ ಬಲ್ಲ ತಿಘ್ನಾರಿಯೂ ಹೀಗೇ, ಸ್ಪೇನಿನ ಗ್ರನಾಡದ ಬಳಿ ಬೇಸಾಯದ ಗ್ರಂಥ ಬರೆದ ಅರಬ್ ಪಂಡಿತನ ಹೆಸರು ಹೊತ್ತಿದ್ದಾನೆ.

ಮರಳುಗಾಡಿನದು ಸುಲಭ. ಪಿರಮಿಡ್ಡು, ಕೆಂಪು ರಾಜ ದೇಶ್ರೆತ್. ಹಳೆಯ ಈಜಿಪ್ಟಿನವರು ನೈಲ್ ಬದಿಯ ಕಪ್ಪು ಮಣ್ಣಿನಾಚೆಯ ಮರುಭೂಮಿಯನ್ನು ದೇಶ್ರೆತ್, ಕೆಂಪು ನೆಲ, ಅಂತ ಕರೆಯುತ್ತಿದ್ದರು. ಮರಳುಗಾಡಿನ 'ಆರು' ಅನ್ನೋ ಹೆಸರಿನ ಹಳ್ಳಿಯ ಕಾವಲುಗಾತಿ ಕ್ಯಾಂಡೇಸ್ ಹೆಸರು ಈಜಿಪ್ಟಿನ ದಕ್ಷಿಣಕ್ಕಿದ್ದ ಕುಶ್ ರಾಜ್ಯದ ರಾಣಿಯರ ಪದವಿ.

ಇಷ್ಟೆಲ್ಲ ಕಲಸಿದ್ದು ತಪ್ಪಲ್ವಾ ಅಂತ ನಿಮ್ಮ ಗೆಳೆಯರು ಕೇಳಬಹುದು. ನನ್ನ ಉತ್ತರ, ಈ ನೆಲಗಳು ನಿಜದಲ್ಲೂ ಬೇರೆ ಬೇರೆಯಾಗಿ ಇರಲಿಲ್ಲ. ಸಾಕ್ಷಿಗೆ ದೂರ ಹೋಗಬೇಕಿಲ್ಲ. ಮೊಳಕಾಲ್ಮೂರು ನಿಮಗೆ ಪಕ್ಕದ ತಾಲೂಕು. ಅಲ್ಲಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನ ಪತ್ತೆ ಮಾಡಿದರು. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಕಳಿಸಿದ ಸಂದೇಶ ಅದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಸುವರ್ಣಗಿರಿ ಅಂದರೆ ಎರ್ರಗುಡಿ ಕಡೆಯ ಜೊನ್ನಗಿರಿ ಅಂತ ಹಲವು ವಿದ್ವಾಂಸರು ಹೇಳುತ್ತಾರೆ, ಕೊಪ್ಪಳದ ಕನಕಗಿರಿ ಅನ್ನುವವರೂ ಇದ್ದಾರೆ. ಶಾಸನ ಪೂರ್ತಿ ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಅದರ ಮುಂದಿನ 'ಲಿಪಿಕರೇಣ' ಅನ್ನೋ ಒಂದು ಪದ ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಪರ್ಷಿಯಾ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಸುತ್ತಿದ್ದ ಅರಮಾಯಿಕ್ ಲಿಪಿಯಿಂದ ಹುಟ್ಟಿದ್ದು. ಚಿತ್ರದುರ್ಗದ ಒಂದು ಬಂಡೆಯ ಮೇಲೆ ಇರಾನಿನ ಗಾಳಿ 2,200 ವರ್ಷಕ್ಕೂ ಹಿಂದೆಯೇ ಬೀಸಿದೆ.

ಆಮೇಲೂ ಈ ಸಂಬಂಧ ಕಡಿಯಲಿಲ್ಲ. ಸುಮೇರುವಿನ ಬಂದರಿನ ಹೆಸರು ಓರ್ಮೋಸ್. ಇದು ಇರಾನಿನ ಹೊರ್ಮುಜ್. ವಿಜಯನಗರದ ಸೈನ್ಯಕ್ಕೆ ಒಳ್ಳೆಯ ಕುದುರೆಗಳು ಬರುತ್ತಿದ್ದದ್ದು ಅಲ್ಲಿಂದ, ಗೋವಾ, ಭಟ್ಕಳದ ಬಂದರುಗಳಲ್ಲಿ ಇಳಿದು. 1443ರಲ್ಲಿ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಹಡಗು ಹತ್ತಿದ್ದೂ ಹೊರ್ಮುಜ್‌ನಲ್ಲೇ. ರಾಯದುರ್ಗದ ಕೋಟೆ ವಿಜಯನಗರದ ಕೈಯಲ್ಲಿದ್ದ ಕಾಲದಲ್ಲಿ ಆ ಕುದುರೆಗಳು ನಿಮ್ಮ ಬೆಟ್ಟದ ಕೆಳಗೂ ಹಾದುಹೋಗಿರಬೇಕು ಅಂತ ನಾನು ಊಹಿಸಿಕೊಳ್ಳುತ್ತೇನೆ.

ಕಲಸಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಮುಖಗಳ ಬಗ್ಗೆ. 2022ರಲ್ಲಿ ಸುಮೇರುವಿನ ಪಾತ್ರಗಳ ಚಿತ್ರ ಹೊರಬಂದಾಗ ಎಷ್ಟೋ ದೇಶಗಳ ಆಟಗಾರರು ಆಕ್ಷೇಪ ಎತ್ತಿದರು. ಸೈನೋ, ಕ್ಯಾಂಡೇಸ್, ದೇಹ್ಯಾರಂಥ ಕೆಲವರನ್ನು ಬಿಟ್ಟರೆ ಮುಖ್ಯ ಪಾತ್ರಗಳೆಲ್ಲ ಬೆಳ್ಳಗೆ. ಕಂದು ಬಣ್ಣದ ಆ ಕೆಲವರೂ ಮರಳುಗಾಡಿನವರು. ಭಾರತದ ಹೆಸರು ಹೊತ್ತ ಕಾಡಿನಲ್ಲಿ, ಕತೆಯ ಮುಂಚೂಣಿಯಲ್ಲಿ, ನಮ್ಮ ಬಣ್ಣದವರು ಕಾಣುವುದಿಲ್ಲ. ಜಾತಕವನ್ನು ಅಷ್ಟು ಶ್ರದ್ಧೆಯಿಂದ ಓದಿದವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ಒಪ್ಪಲಾರೆ. ಈ ವಿಷಯದಲ್ಲಿ ನನಗೆ ಬೇಸರ ಇದೆ, ಈಗಲೂ.

ಇನ್ನೊಂದು ಕೊರತೆ ದಕ್ಷಿಣದ್ದು. ಪಾಳಿ ಇದೆ, ಸಂಸ್ಕೃತ ಇದೆ, ಆದರೆ ನನಗೆ ಕಂಡಂತೆ ಕನ್ನಡ, ತೆಲುಗು, ತಮಿಳು ನಾಡುಗಳ ಗುರುತು ಸುಮೇರುವಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನೀವು ಮತ್ತು ನಿಮ್ಮ ಗೆಳೆಯರು ಮುಂದೆ ಗೇಮ್ ಮಾಡುವ ಕೆಲಸ ಕಲಿತರೆ ಈ ಜಾಗ ಖಾಲಿ ಇದೆ. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ 16ನೇ ಶತಮಾನದ ಸೀರೆಯ ಅಂಚುಗಳನ್ನು ಒಂದೊಂದಾಗಿ ನೋಡಬಹುದು, ಒಂದು ದೇಶದ ಜನಕ್ಕೆಲ್ಲ ಉಡಿಸುವಷ್ಟು ವಿನ್ಯಾಸ ಅಲ್ಲಿದೆ. 1565ರ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡ ಅಲ್ಲಿಗೆ ಹತ್ತಿರ. ಎರ್ರಗುಡಿಗೆ ಗುತ್ತಿಯ ಮೇಲೆ ಹೋಗಬೇಕು. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಹೋಗಿ, ಅಕ್ಷರ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಚಿಕ್ಕ ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಓಡುತ್ತವೆ. ಅದನ್ನು ಒಗಟು ಮಾಡಿ ಒಂದು ಆಟದೊಳಗೆ ಇಡುವವರು ನಿಮ್ಮ ಜಿಲ್ಲೆಯವರೇ ಆಗಲಿ.