ಉತ್ತರ ಸರಿ, ದಾರಿ ತಪ್ಪು

ಎಂಟು ಯಂತ್ರಗಳನ್ನು ಜೋಡಿಸಿದ ಒಂದು ಪುಟ್ಟ ಕ್ಲಸ್ಟರನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಬಂದರು. "ಸರ್, ನನ್ನ ಲೆಕ್ಕ ಒಂದು ಯಂತ್ರದಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಎಂಟರಲ್ಲಿ ಓಡಿಸಿದರೆ ಐದು ಗಂಟೆ. ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ?"

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡೂ ಸಲ ಬಂದ ಉತ್ತರಗಳು ತಾಳೆಯಾಗುತ್ತಿದ್ದವು. ಒಬ್ಬನೇ ಹೊರುವುದಕ್ಕಿಂತ ಎಂಟು ಜನ ಸೇರಿ ಹೊತ್ತಾಗ ತಡವಾಗುತ್ತದೆ ಎಂದರೆ, ಹೊರುವವರು ಹೊರುವುದನ್ನು ಬಿಟ್ಟು ಮಾತಿಗೆ ನಿಂತಿದ್ದಾರೆ ಎಂದೇ ಅರ್ಥ. ಆ ಮಾತು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಹುಡುಕುವುದರಲ್ಲಿ ನಮ್ಮ ಎರಡು ದಿನ ಕಳೆಯಿತು.

ಸೂಪರ್ ಕಂಪ್ಯೂಟರ್ ಎಂದೊಡನೆ ಒಂದೇ ದೈತ್ಯ ಮೆದುಳು ಕಣ್ಣ ಮುಂದೆ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ಅದೊಂದು ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ಪರಮ್ ಪ್ರವೇಗದಲ್ಲಿ ಲೆಕ್ಕ ಮಾಡುವುದಕ್ಕೆಂದೇ 624 ಕಂಪ್ಯೂಟರುಗಳಿವೆ. ಅವುಗಳನ್ನು ನೋಡ್ ಎನ್ನುತ್ತಾರೆ. ಎಲ್ಲವೂ ಸೇರಿದಾಗಿನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಆದರೆ ಪ್ರತಿ ನೋಡಿಗೂ ತನ್ನದೇ ಸ್ಮರಣೆ, ತನ್ನದೇ ಆಪರೇಟಿಂಗ್ ಸಿಸ್ಟಂ. ಪಕ್ಕದ ಮನೆಯ ಅಡುಗೆಮನೆಗೆ ನಾವು ಹೇಗೆ ಹೇಳದೆ ಕೇಳದೆ ನುಗ್ಗುವುದಿಲ್ಲವೋ, ಹಾಗೆ ಒಂದು ನೋಡ್ ಇನ್ನೊಂದರ ಸ್ಮರಣೆಗೆ ತಾನಾಗಿ ಕೈ ಹಾಕಲಾರದು.

ಮಳೆಯ ಮುನ್ಸೂಚನೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ನಕಾಶೆಯನ್ನು ಗದ್ದೆಗಳಂತೆ ತುಂಡು ಮಾಡಿ ಒಂದೊಂದು ತುಂಡನ್ನು ಒಂದೊಂದು ಪ್ರೊಸೆಸರಿಗೆ ವಹಿಸುತ್ತಾರೆ. ಗದ್ದೆಯ ಒಳಗಿನ ಲೆಕ್ಕ ಅವರವರದು. ಬದುವಿನ ಹತ್ತಿರ ಬಂದಾಗ ಮಾತ್ರ, ಆಚೆ ಗದ್ದೆಯಲ್ಲಿ ಈಗ ನೀರೆಷ್ಟು ಎಂದು ತಿಳಿಯದೆ ಮುಂದುವರಿಯುವಂತಿಲ್ಲ. ಹೀಗಾಗಿ ಪ್ರತಿ ಹೆಜ್ಜೆಗೂ ಎಲ್ಲರೂ ತಮ್ಮ ಬದುವಿನ ಅಂಕಿಗಳನ್ನು ನೆರೆಯವರಿಗೆ ಕಳಿಸಬೇಕು, ನೆರೆಯವರದ್ದನ್ನು ಪಡೆಯಬೇಕು. ಇಂಥ ಹೆಜ್ಜೆಗಳು ಲಕ್ಷಗಟ್ಟಲೆ ಇರುತ್ತವೆ.

ಈ ಕೊಡು-ಕೊಳ್ಳುವಿಕೆಗೆ ಒಂದು ಸಾಮಾನ್ಯ ಭಾಷೆ ಇದೆ: ಮೆಸೇಜ್ ಪಾಸಿಂಗ್ ಇಂಟರ್‌ಫೇಸ್, ಬಳಕೆಯಲ್ಲಿ ಎಂಪಿಐ. ಅದಕ್ಕೆ ಮೊದಲು ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆ ಇತ್ತು. ಯಂತ್ರ ಬದಲಾದರೆ ಪ್ರೋಗ್ರಾಂ ಮತ್ತೆ ಬರೆಯಬೇಕಿತ್ತು. 1992ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್‌ನಲ್ಲಿ ಸೇರಿದವರು ಇದಕ್ಕೊಂದು ಕೊನೆ ಹಾಡಬೇಕೆಂದು ಕೆಲಸ ಶುರುಮಾಡಿದರು. 1994ರಲ್ಲಿ ಮೊದಲ ಆವೃತ್ತಿ ಹೊರಬಂತು. ನೂರಾರು ಆಜ್ಞೆಗಳಿದ್ದರೂ ಆರು ಕಲಿತರೆ ಕೆಲಸ ಶುರುಮಾಡಬಹುದು. ಆರಂಭಿಸು, ಮುಗಿಸು, ಒಟ್ಟು ಎಷ್ಟು ಜನ, ಅವರಲ್ಲಿ ನಾನು ಎಷ್ಟನೆಯವನು, ಕಳಿಸು, ಪಡೆ. ಅಷ್ಟೇ.

"ಕಳಿಸು" ಎಂದರೆ ಏನಾಗಬೇಕು ಎಂಬುದನ್ನು ಈ ಒಪ್ಪಂದ ಹೇಳುತ್ತದೆ. ಹೇಗೆ ಕಳಿಸಬೇಕು ಎಂಬುದನ್ನು ಲೈಬ್ರರಿಗಳಿಗೆ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಲೆಂದು ಮೊದಲೇ ಬರೆದಿಟ್ಟ ತಂತ್ರಾಂಶಗಳಿಗೆ, ಬಿಟ್ಟಿದೆ. ಹಾಗಾಗಿ ಇಂದು ಒಂದೇ ಭಾಷೆಯನ್ನಾಡುವ ಹಲವು ಲೈಬ್ರರಿಗಳಿವೆ: ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಹುಟ್ಟಿದ ಎಂಪಿಐಸಿಎಚ್, ಹಲವು ಗುಂಪುಗಳು ಸೇರಿ ಕಟ್ಟಿದ ಓಪನ್ ಎಂಪಿಐ, ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಧಬಲೇಶ್ವರ್ ಪಾಂಡಾ ಅವರ ತಂಡ ಬೆಳೆಸಿದ ಎಂವಿಎಪಿಐಸಿಎಚ್. ನಮ್ಮ ಕಥೆಯ ಗಂಟು ಇರುವುದು ಈ "ಹೇಗೆ" ಎಂಬಲ್ಲಿಯೇ.

ಮನೆಗಳಲ್ಲಿ, ಕಚೇರಿಗಳಲ್ಲಿ ಬಳಸುವ ಗಿಗಾಬಿಟ್ ಜಾಲದಲ್ಲಿ ಒಂದು ಚಿಕ್ಕ ಸಂದೇಶ ಈ ಯಂತ್ರದ ಪ್ರೋಗ್ರಾಮಿನಿಂದ ಆ ಯಂತ್ರದ ಪ್ರೋಗ್ರಾಮಿಗೆ ತಲುಪಲು ಸುಮಾರು ಐವತ್ತು ಮೈಕ್ರೋಸೆಕೆಂಡ್ ಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಸೆಕೆಂಡ್. ನಮಗೆ ಅದು ಏನೂ ಅಲ್ಲ. ಮೂರು ಗಿಗಾಹರ್ಟ್ಸ್‌ನಲ್ಲಿ ಮಿಡಿಯುವ ಪ್ರೊಸೆಸರಿಗೆ ಅಷ್ಟರಲ್ಲಿ ಮೂರು ಸಾವಿರ ಮಿಡಿತ. ಐವತ್ತು ಮೈಕ್ರೋಸೆಕೆಂಡ್ ಕಾದರೆ ಒಂದೂವರೆ ಲಕ್ಷ ಮಿಡಿತ ದಂಡ. ತಂತಿಯಲ್ಲಿ ಆಗುವ ತಡ ಇದರಲ್ಲಿ ನಗಣ್ಯ. ಬೆಳಕು ಗಾಜಿನ ನಾರಿನಲ್ಲಿ ಒಂದು ಮೀಟರ್ ದಾಟಲು ಐದು ನ್ಯಾನೋಸೆಕೆಂಡ್ ಸಾಕು. ಹೆಚ್ಚಿನ ತಡವಾಗುವುದು ಎರಡೂ ತುದಿಗಳ ಆಪರೇಟಿಂಗ್ ಸಿಸ್ಟಮಿನಲ್ಲಿ. ಸಂದೇಶವನ್ನು ನಕಲು ಮಾಡಿಕೊಳ್ಳುವುದು, ಲಕೋಟೆಗೆ ತುಂಬುವುದು, ಮುದ್ರೆ ಒತ್ತುವುದು, ಆಚೆ ತುದಿಯಲ್ಲಿ ಮತ್ತೆ ಬಿಚ್ಚುವುದು. ಸರ್ಕಾರಿ ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಸರಿದಂತೆ.

ಇನ್ಫಿನಿಬ್ಯಾಂಡ್ ಎಂಬ ಜಾಲ ಈ ಮೇಜುಗಳನ್ನೇ ತಪ್ಪಿಸುತ್ತದೆ. 1999ರಲ್ಲಿ ಎರಡು ಎದುರಾಳಿ ಬಣಗಳು ಕೈ ಜೋಡಿಸಿದ್ದರಿಂದ ಹುಟ್ಟಿದ ತಂತ್ರಜ್ಞಾನ ಇದು. ಕಂಪ್ಯೂಟರಿನ ಒಳಗಿನ ಜೋಡಣೆಗಳನ್ನೆಲ್ಲ ತಾನೇ ನಿಭಾಯಿಸುತ್ತೇನೆಂದು ಹೊರಟಿದ್ದು, ಕೊನೆಗೆ ನೆಲೆ ಕಂಡದ್ದು ಸೂಪರ್ ಕಂಪ್ಯೂಟರುಗಳಲ್ಲಿ. 2003ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 1,100 ಆಪಲ್ ಪವರ್ ಮ್ಯಾಕ್ ಯಂತ್ರಗಳನ್ನು ಇನ್ಫಿನಿಬ್ಯಾಂಡ್‌ನಿಂದ ಹೆಣೆದು ಜಗತ್ತಿನ ಮೂರನೇ ಸ್ಥಾನಕ್ಕೆ ಏರಿದಾಗ ಎಲ್ಲರೂ ಹುಬ್ಬೇರಿಸಿದರು. ಪರಮ್ ಪ್ರವೇಗದಲ್ಲಿರುವುದೂ ಇದೇ ಕುಟುಂಬದ, ಸೆಕೆಂಡಿಗೆ 200 ಗಿಗಾಬಿಟ್ ವೇಗದ ಎಚ್‌ಡಿಆರ್ ಪೀಳಿಗೆ. ಇದರಲ್ಲಿ ಚಿಕ್ಕ ಸಂದೇಶಕ್ಕೆ ಒಂದೆರಡು ಮೈಕ್ರೋಸೆಕೆಂಡ್ ಸಾಕು.

ಇದರ ಗುಟ್ಟು ಇಷ್ಟು: ಜಾಲದ ಕಾರ್ಡ್ ಆಪರೇಟಿಂಗ್ ಸಿಸ್ಟಮನ್ನು ಕೇಳದೆಯೇ ದೂರದ ಯಂತ್ರದ ಸ್ಮರಣೆಗೆ ನೇರವಾಗಿ ಬರೆಯುತ್ತದೆ. ಅಡುಗೆಮನೆಯ ಬೀಗದ ಕೈಯನ್ನೇ ಕೊರಿಯರ್ ಹುಡುಗನಿಗೆ ಕೊಟ್ಟು, "ಅಕ್ಕಿ ತಂದರೆ ಎರಡನೇ ಗೂಡಿನ ಮೂರನೇ ಡಬ್ಬಕ್ಕೆ ಸುರಿದು ಹೋಗಪ್ಪ" ಎಂದಂತೆ. ಇದರಲ್ಲಿ ಒಂದು ಅಪಾಯವಿದೆ. ಆಪರೇಟಿಂಗ್ ಸಿಸ್ಟಂ ಎಂಬ ಯಜಮಾನಿಗೆ ಡಬ್ಬಗಳನ್ನು ಆಗಾಗ ಸ್ಥಳ ಬದಲಿಸುವ ಚಾಳಿ. ಜಾಗ ಸಾಲದಿದ್ದರೆ ಬಳಸದ ಡಬ್ಬವನ್ನು ಅಟ್ಟಕ್ಕೂ ಏರಿಸುತ್ತಾಳೆ. ಹುಡುಗ ಬಂದು ಮೂರನೇ ಡಬ್ಬಕ್ಕೆ ಅಕ್ಕಿ ಸುರಿಯುವ ಹೊತ್ತಿಗೆ ಅಲ್ಲಿ ಸಕ್ಕರೆ ಇದ್ದರೆ? ಅದಕ್ಕೇ ಮೊದಲು ಸ್ಮರಣೆಯ ಆ ಭಾಗಕ್ಕೆ ಮೊಳೆ ಹೊಡೆಯಬೇಕು: ಈ ಡಬ್ಬವನ್ನು ಯಾರೂ ಕದಲಿಸಕೂಡದು. ಇದನ್ನು ಸ್ಮರಣೆಯನ್ನು ಲಾಕ್ ಮಾಡುವುದು ಎನ್ನುತ್ತಾರೆ.

ಎಲ್ಲರೂ ಎಲ್ಲ ಡಬ್ಬಕ್ಕೂ ಮೊಳೆ ಹೊಡೆದರೆ ಯಜಮಾನಿಗೆ ಮನೆ ನಡೆಸಲಾಗುವುದಿಲ್ಲ. ಆದ್ದರಿಂದ ಸಾಮಾನ್ಯ ಬಳಕೆದಾರರ ಒಂದೊಂದು ಪ್ರೋಗ್ರಾಂ ಎಷ್ಟು ಸ್ಮರಣೆಯನ್ನು ಲಾಕ್ ಮಾಡಬಹುದು ಎಂಬುದಕ್ಕೆ, ಇಂಥ ಯಂತ್ರಗಳನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಒಂದು ಮಿತಿ ಹಾಕುತ್ತದೆ. ಬಹುಕಾಲ ಆ ಮಿತಿ 64 ಕಿಲೋಬೈಟ್ ಇತ್ತು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಅದು ಸಾಲದು.

ಮೊದಲ ದಿನ ನಾವು ಮಾಡಿದ್ದು ಪಿಂಗ್‌ಪಾಂಗ್ ಪರೀಕ್ಷೆ. ಒಹಾಯೋದ ಆ ತಂಡವೇ ಬರೆದ ಪುಟ್ಟ ಪ್ರೋಗ್ರಾಂ ಒಂದಿದೆ. ಎರಡು ನೋಡ್‌ಗಳ ನಡುವೆ ಒಂದು ಸಂದೇಶವನ್ನು ಸಾವಿರಾರು ಸಲ ಚೆಂಡಿನಂತೆ ಆಚೆಗೀಚೆಗೆ ಎಸೆದು, ಒಂದು ಎಸೆತಕ್ಕೆ ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ಪರದೆಯಲ್ಲಿ ಬಂದ ಅಂಕಿ 48 ಮೈಕ್ರೋಸೆಕೆಂಡ್. ನಮ್ಮಲ್ಲಿ ಇನ್ಫಿನಿಬ್ಯಾಂಡ್ ಕಾರ್ಡ್ ಇದೆ, ತಂತಿ ಇದೆ, ಸ್ವಿಚ್‌ನಲ್ಲಿ ಹಸಿರು ದೀಪ ಉರಿಯುತ್ತಿದೆ. ಆದರೂ ಸಂದೇಶಗಳು ಹೋಗುತ್ತಿರುವುದು ಪಕ್ಕದ ಗಿಗಾಬಿಟ್ ತಂತಿಯಲ್ಲಿ! ಎಕ್ಸ್‌ಪ್ರೆಸ್ ಹೆದ್ದಾರಿ ಖಾಲಿ ಬಿದ್ದಿದೆ, ಲಾರಿಗಳೆಲ್ಲ ಊರೊಳಗಿನ ಸಂದಿಯಲ್ಲಿ ಸಾಲುಗಟ್ಟಿವೆ.

ಸ್ಮರಣೆಯ ಮಿತಿಯ ಮೇಲೆ ಅನುಮಾನ ಬಂದು ಲಾಗಿನ್ ಆಗಿ ನೋಡಿದೆ. "ಮಿತಿಯಿಲ್ಲ" ಎಂದಿತು. ಯಾರೋ ಪುಣ್ಯಾತ್ಮರು ಮೊದಲೇ ಸರಿಮಾಡಿದ್ದರು. ಅಲ್ಲಿಗೆ ಆ ಅನುಮಾನವನ್ನು ಬಿಟ್ಟು ತಂತಿ ಬದಲಿಸಿದೆವು, ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಬದಲಿಸಿದೆವು, ಲೈಬ್ರರಿಯನ್ನು ಮತ್ತೆ ಕಟ್ಟಿದೆವು. ಸಂಜೆಯಾಯಿತು. ಅಂಕಿ ಮಾತ್ರ 48ರಿಂದ ಕದಲಲಿಲ್ಲ.

ಮರುದಿನ ಆ ವಿದ್ಯಾರ್ಥಿನಿಯೇ ಒಂದು ಪ್ರಶ್ನೆ ಕೇಳಿದರು: "ನೀವು ನೋಡಿದ್ದು ನಿಮ್ಮ ಲಾಗಿನ್‌ನ ಮಿತಿ ಅಲ್ಲವೇ ಸರ್? ನನ್ನ ಕೆಲಸದ ಮಿತಿಯೂ ಅದೇ ಆಗಿರಬೇಕೆಂದೇನಿದೆ?" ಕ್ಲಸ್ಟರಿನಲ್ಲಿ ನಾವು ನೇರವಾಗಿ ನೋಡ್‌ಗಳಿಗೆ ಹೋಗಿ ಪ್ರೋಗ್ರಾಂ ಓಡಿಸುವುದಿಲ್ಲ, ಸರದಿಯಲ್ಲಿ ಚೀಟಿ ಹಾಕುತ್ತೇವೆ, ಕೆಲಸ ಹಂಚುವ ತಂತ್ರಾಂಶ ನಮ್ಮ ಪರವಾಗಿ ಓಡಿಸುತ್ತದೆ. ಆ ತಂತ್ರಾಂಶ ಯಂತ್ರ ಎದ್ದ ಕ್ಷಣದಲ್ಲಿ ತಾನಾಗಿ ಶುರುವಾದದ್ದು. ಅದು ಯಾರ ಲಾಗಿನ್ ಬಾಗಿಲನ್ನೂ ದಾಟಿ ಬಂದದ್ದಲ್ಲ. ತನಗಿದ್ದ ಮಿತಿಯನ್ನೇ ಅದು ತನ್ನ ಮಕ್ಕಳಿಗೂ ಹಂಚುತ್ತದೆ. ಮಿತಿಯನ್ನು ತೋರಿಸುವ ಆಜ್ಞೆಯೊಂದನ್ನೇ ಚೀಟಿಯಲ್ಲಿ ಬರೆದು ಸರದಿಗೆ ಹಾಕಿದೆವು. ಉತ್ತರ ಬಂತು: 64.

ಇದಕ್ಕಿಂತ ಮುಜುಗರದ ಸಂಗತಿ ಆಮೇಲೆ ಗೊತ್ತಾಯಿತು. ಲೈಬ್ರರಿ ನಮಗೆ ಹೇಳಿತ್ತು. ಲಾಕ್ ಮಾಡಲು ಸ್ಮರಣೆ ಸಿಗಲಿಲ್ಲ, ಮಿತಿ ಬಹಳ ಕಡಿಮೆ ಇರಬಹುದು ಎಂಬ ಎಚ್ಚರಿಕೆಯನ್ನು ಪ್ರತಿ ಸಲವೂ ಬರೆದಿತ್ತು. ಎಚ್ಚರಿಕೆಗಳೆಲ್ಲ ನೇರ ಕಸದ ಬುಟ್ಟಿಗೆ ಹೋಗುವಂತೆ ಮಾದರಿ ಚೀಟಿಯನ್ನು ಬರೆದಿಟ್ಟವನು ನಾನೇ.

ಎಚ್ಚರಿಸಿದ ಮೇಲೆ ಲೈಬ್ರರಿ ಕೈಕಟ್ಟಿ ಕೂರಲಿಲ್ಲ. ವೇಗದ ದಾರಿ ಮುಚ್ಚಿದೆ, ಸರಿ, ನಿಧಾನದ ದಾರಿಯಲ್ಲಾದರೂ ಹೋಗೋಣ ಎಂದುಕೊಂಡು ಕೆಲಸ ಮುಗಿಸಿಕೊಟ್ಟಿತು. ಲ್ಯಾಪ್‌ಟಾಪಿನಿಂದ ಹಿಡಿದು ಸೂಪರ್ ಕಂಪ್ಯೂಟರಿನವರೆಗೆ ಎಲ್ಲೆಡೆ ಓಡಬೇಕಾದ ಲೈಬ್ರರಿಗೆ ಈ ಹೊಂದಿಕೊಳ್ಳುವ ಗುಣ ಬೇಕು, ಒಪ್ಪುತ್ತೇನೆ. ಆದರೆ ಕೋಟಿಗಟ್ಟಲೆ ಸುರಿದು ವೇಗದ ಜಾಲ ಕೊಂಡ ಕಡೆ ಈ ಸೌಜನ್ಯ ನನಗೆ ಬೇಡ. ದಾರಿ ಮುಚ್ಚಿದ್ದರೆ ಅಲ್ಲೇ ಕುಸಿದು ಬೀಳಲಿ, ಬಳಕೆದಾರ ಬಂದು ಬೈಯಲಿ. ಹಾಗಾಗಿ ನಮ್ಮ ಸಂರಚನಾ ಕಡತದಲ್ಲಿ ಟಿಸಿಪಿ ಎಂಬ ಆ ನಿಧಾನದ ದಾರಿಯನ್ನು ಬಳಸಲೇಬೇಡ ಎಂಬ ಒಂದು ಸಾಲು ಸೇರಿಸಿದೆ. ಒಂದೇ ಕಂಪನಿ ಯಂತ್ರ, ಜಾಲ, ಲೈಬ್ರರಿ ಮೂರನ್ನೂ ಹೊಂದಿಸಿಯೇ ಕೊಡುವ ಕಡೆ ಈ ಕಾಟ ಕಡಿಮೆ. ಪ್ರವೇಗಕ್ಕೆ ಮೊದಲು ಅದೇ ಸಂಸ್ಥೆಯಲ್ಲಿದ್ದ ಸಹಸ್ರಟಿ ಎಂಬ ಕ್ರೇ ಕಂಪನಿಯ ಯಂತ್ರ ಆ ಬಗೆಯದು.

ಸರಿಯಾದ ದಾರಿ ಹಿಡಿದ ಮೇಲೂ ತಿರುಗಿಸಬೇಕಾದ ತಿರುಪುಗಳಿವೆ. ನನಗೆ ಅವುಗಳಲ್ಲಿ ಅತ್ಯಂತ ಇಷ್ಟವಾದದ್ದು ಸಂದೇಶದ ಗಾತ್ರಕ್ಕೆ ಸಂಬಂಧಿಸಿದ್ದು. ಮದುವೆಯ ಕರೆಯೋಲೆಯನ್ನು ಕಳಿಸುವಾಗ ಯಾರೂ ಮುಂಚಿತವಾಗಿ ಅನುಮತಿ ಕೇಳುವುದಿಲ್ಲ. ಡಬ್ಬಿಗೆ ಹಾಕಿ ಹೋಗುತ್ತಾರೆ. ಬೀರು ಕಳಿಸುವಾಗ ಹಾಗಲ್ಲ. ಫೋನ್ ಮಾಡಿ, ಜಾಗ ಮಾಡಿದ್ದೀರಾ ಎಂದು ಕೇಳಿ, ಹೂಂ ಎಂದ ಮೇಲೆ ಲಾರಿ ಹೊರಡುತ್ತದೆ. ಎಂಪಿಐ ಲೈಬ್ರರಿಗಳೂ ಹೀಗೆಯೇ. ಚಿಕ್ಕ ಸಂದೇಶವನ್ನು ಕೇಳದೆ ತಳ್ಳುತ್ತವೆ, ದೊಡ್ಡದಕ್ಕೆ ಮೊದಲು ಕೈಕುಲುಕುತ್ತವೆ. ಚಿಕ್ಕದು ಎಲ್ಲಿಗೆ ಮುಗಿದು ದೊಡ್ಡದು ಎಲ್ಲಿ ಶುರುವಾಗುತ್ತದೆ ಎಂಬ ಗಡಿಯನ್ನು ನಾವು ಬದಲಿಸಬಹುದು. ಗಡಿ ತೀರ ಕೆಳಗಿದ್ದರೆ ಸಣ್ಣಪುಟ್ಟದಕ್ಕೆಲ್ಲ ಫೋನ್ ಕರೆ. ತೀರ ಮೇಲಿದ್ದರೆ ಪಡೆಯುವವರ ಜಗಲಿಯ ತುಂಬ ಸಾಮಾನು.

ಈ ಗಡಿ ಪ್ರೋಗ್ರಾಮರುಗಳ ಹಳೆಯ ಪಾಪಗಳನ್ನೂ ಬಯಲಿಗೆ ತರುತ್ತದೆ. ಇಬ್ಬರೂ ಮೊದಲು ಕಳಿಸಿ ಆಮೇಲೆ ಪಡೆಯುವಂತೆ ಬರೆದ ಪ್ರೋಗ್ರಾಂ ಚಿಕ್ಕ ಸಂದೇಶಗಳಲ್ಲಿ ಸಲೀಸಾಗಿ ಓಡುತ್ತದೆ. ಒಂದು ದಿನ ಲೆಕ್ಕ ದೊಡ್ಡದಾಗಿ ಸಂದೇಶ ಗಡಿ ದಾಟಿತು ಅನ್ನಿ. ಈಗ ಇಬ್ಬರೂ ಒಂದೇ ಹೊತ್ತಿಗೆ ಪರಸ್ಪರ ಫೋನ್ ಮಾಡುತ್ತಿದ್ದಾರೆ; ಇಬ್ಬರಿಗೂ ಎಂಗೇಜ್. ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಬಳಕೆದಾರರು ಬಂದು "ನಿನ್ನೆಯವರೆಗೆ ಚೆನ್ನಾಗಿತ್ತು, ನೀವೇನೋ ಬದಲಿಸಿದ್ದೀರಿ" ಎಂದು ಜಗಳ ತೆಗೆಯುತ್ತಾರೆ. ತಪ್ಪು ಮೊದಲ ದಿನದಿಂದಲೂ ಅವರ ಬರಹದಲ್ಲೇ ಇತ್ತು.

ಎಲ್ಲರೂ ಸೇರಿ ಒಂದು ಮೊತ್ತ ಹಾಕುವ ಸಂದರ್ಭದಲ್ಲಂತೂ ಪ್ರತಿ ಮೈಕ್ರೋಸೆಕೆಂಡೂ ಗುಣಿಸುತ್ತ ಹೋಗುತ್ತದೆ. 1,024 ಪ್ರೊಸೆಸರುಗಳ ಅಂಕಿಗಳನ್ನು ಜೋಡಿಜೋಡಿಯಾಗಿ ಕೂಡಿಸುತ್ತ ಹೋದರೆ ಹತ್ತು ಸುತ್ತಿನಲ್ಲಿ ಎಲ್ಲರ ಕೈಯಲ್ಲೂ ಮೊತ್ತ ಇರುತ್ತದೆ. ಸುತ್ತಿಗೆ ಒಂದೂವರೆ ಮೈಕ್ರೋಸೆಕೆಂಡ್ ಆದರೆ ಹದಿನೈದು, ಐವತ್ತಾದರೆ ಐನೂರು. ಹತ್ತು ಲಕ್ಷ ಸಲ ಹೀಗೆ ಕೂಡಿದರೆ ಮೊದಲನೆಯದಕ್ಕೆ ಹದಿನೈದು ಸೆಕೆಂಡ್, ಎರಡನೆಯದಕ್ಕೆ ಎಂಟು ನಿಮಿಷ ದಾಟುತ್ತದೆ. ಜೊತೆಗೆ ಇದು ಪಂಕ್ತಿ ಊಟ. ಕೊನೆಯವರು ಮಜ್ಜಿಗೆ ಅನ್ನ ಮುಗಿಸುವವರೆಗೆ ಯಾರೂ ಏಳುವಂತಿಲ್ಲ. ಸಾವಿರ ನೋಡ್‌ಗಳಲ್ಲಿ ಒಂದೇ ಒಂದು ನಿಧಾನದ ದಾರಿ ಹಿಡಿದಿದ್ದರೂ ಉಳಿದ 999 ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತಿರುತ್ತವೆ.

ನಮ್ಮ ಎಂಟು ಯಂತ್ರಗಳ ಕಥೆಗೆ ಮರಳುವುದಾದರೆ, ಕೆಲಸ ಹಂಚುವ ತಂತ್ರಾಂಶಕ್ಕೆ ಮಿತಿಯಿಲ್ಲ ಎಂದು ಒಂದು ಸಾಲು ಬರೆದು ಮತ್ತೆ ಶುರುಮಾಡಿದೆವು. ಪಿಂಗ್‌ಪಾಂಗ್ 1.4 ಎಂದಿತು. ಐದು ಗಂಟೆಯ ಲೆಕ್ಕ ನಲವತ್ತು ನಿಮಿಷಕ್ಕೆ ಇಳಿಯಿತು. ಎರಡು ತಿಂಗಳ ನಂತರ ಒಂಬತ್ತನೆಯ ಯಂತ್ರ ಬಂತು. ಅದನ್ನು ಜೋಡಿಸಿ ಮೊದಲ ಕೆಲಸ ಹಾಕಿದಾಗ ಪ್ರೋಗ್ರಾಂ ಧಡಕ್ಕನೆ ಕುಸಿಯಿತು. ಆ ಯಂತ್ರಕ್ಕೆ ಮಿತಿ ಕೇಳುವ ಚೀಟಿಯನ್ನು ಹಾಕಿ ಪರದೆಯ ಮುಂದೆ ಕೂತೆ. 64.