ಕಾರಿನ ಡೋರ್ ಸ್ಪೀಕರ್ ಬದಲಿಸಿದ ಮೇಲೆ ಬೇಸ್ ಎಲ್ಲಿಗೆ ಹೋಯ್ತು?

ಹೊಸ ಸ್ಪೀಕರ್ ಹಾಕಿಸಿಕೊಂಡು ಹೋದ ಗಿರಾಕಿ ಮರುದಿನವೇ ಬಂದು "ಹಳೇವೇ ಚಲೋ ಇದ್ವು ನೋಡ್ರಿ, ಇವಕ್ಕ ಬೇಸೇ ಇಲ್ಲ" ಅಂದರೆ, ಸ್ಪೀಕರನ್ನು ಬೈಯುವ ಮೊದಲು ಎರಡು ಕಡೆ ಕೈಯಾಡಿಸಬೇಕು. ಒಂದು, ವೈರಿನ ಪ್ಲಸ್-ಮೈನಸ್. ಇನ್ನೊಂದು, ಬಾಗಿಲಿನ ಒಳತಗಡಿನ ತೂತುಗಳು. ಈ ಟಿಪ್ಪಣಿಯ ಬಹುಪಾಲು ಅವೆರಡಕ್ಕೇ ಹೋಗಿದೆ. ಡೋರ್ ಪ್ಯಾಡ್ ಬಿಚ್ಚುವುದು, ಕ್ಲಿಪ್ ಮುರಿಯದಂತೆ ತೆಗೆಯುವುದು ಗೊತ್ತಿದೆ ಎಂದುಕೊಂಡೇ ಬರೆದಿದೆ.

ವ್ಯಾಟ್ ಲೆಕ್ಕ

ಸ್ಟೀರಿಯೊ ಡಬ್ಬದ ಮೇಲೆ "50 ವ್ಯಾಟ್ × 4" ಅಂತ ಇರುತ್ತದೆ. ಅದು ಬಂದದ್ದು ಹೀಗೆ: ಎಂಜಿನ್ ಓಡುವಾಗ ಸುಮಾರು 14.4 ವೋಲ್ಟ್, ಸ್ಪೀಕರ್ 4 ಓಮ್. 14.4 × 14.4 ÷ 4 = 51.8. ಅಂದರೆ ಪೂರ್ತಿ ವೋಲ್ಟೇಜು ಬಿಡುವಿಲ್ಲದೆ ಸ್ಪೀಕರಿಗೆ ಹೋದರೆ ಮಾತ್ರ ಆ ಅಂಕಿ, ಹಾಡು ಹಾಗಿರುವುದಿಲ್ಲ. ಒಡೆಯದ ದನಿಗೆ ಒಂದೊಂದು ಚಾನೆಲ್ಲಿಗೆ ಸಿಗುವುದು 15ರಿಂದ 20 ವ್ಯಾಟ್ ಆರ್‌ಎಂಎಸ್ (ಸತತವಾಗಿ ಸಿಗುವ ಶಕ್ತಿ), ಅಷ್ಟೇ.

ಆದ್ದರಿಂದ ಆಂಪ್ಲಿಫೈಯರ್ ಹಾಕದವರು "300 ವ್ಯಾಟ್ ಪೀಕ್" ಎಂಬ ದೊಡ್ಡಕ್ಷರ ಬಿಟ್ಟು ಸೆನ್ಸಿಟಿವಿಟಿ, ಅಂದರೆ ಇಷ್ಟು ಶಕ್ತಿಗೆ ಎಷ್ಟು ಸದ್ದು ಎಂಬ ಅಂಕಿ, ನೋಡಬೇಕು. 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವ್ಯಾಟಿನಲ್ಲಿ ಅಷ್ಟೇ ಸದ್ದು. 91 ಡೆಸಿಬೆಲ್ಲಿನದು 15 ವ್ಯಾಟಿಗೆ ಕೊಡುವುದನ್ನು 88ರದ್ದು ಕೊಡಲು 30 ವ್ಯಾಟ್ ಬೇಡುತ್ತದೆ. ಒಂದು ಮೋಸ: ಕೆಲವರು 1 ವ್ಯಾಟಿಗೆ ಅಳೆಯುತ್ತಾರೆ, ಕೆಲವರು 2.83 ವೋಲ್ಟಿಗೆ. 4 ಓಮಿನ ಸ್ಪೀಕರಿಗೆ 2.83 ವೋಲ್ಟ್ ಅಂದರೆ 2 ವ್ಯಾಟ್, ಹಾಗಾಗಿ ಎರಡನೆಯ ಅಂಕಿಯಿಂದ 3 ಕಳೆದು ಹೋಲಿಸಿ.

ಬಾಗಿಲೇ ಪೆಟ್ಟಿಗೆ

ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ, ಕಾರಿನದಕ್ಕೆ ಬಾಗಿಲೇ ಪೆಟ್ಟಿಗೆ. ಕೋನ್ (ಸ್ಪೀಕರಿನ ಅದುರುವ ಬಟ್ಟಲು) ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಅದೇ ಗಳಿಗೆಗೆ ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತದೆ. ನಡುವೆ ದಾರಿ ಸಿಕ್ಕರೆ ಇವೆರಡೂ ಸೇರಿ ಒಂದನ್ನೊಂದು ನುಂಗುತ್ತವೆ. ಮೊದಲು ಹೋಗುವುದೇ ಬೇಸ್.

ಗ್ಲಾಸ್ ಮೋಟಾರ್ ರಿಪೇರಿಗೆಂದು ಒಳತಗಡಿನಲ್ಲಿ ಅಂಗೈಗಿಂತ ದೊಡ್ಡ ತೂತುಗಳಿರುತ್ತವೆ. ಮೇಲಿನ ಪ್ಲಾಸ್ಟಿಕ್ ಹಾಳೆ ನೀರನ್ನು ತಡೆಯುತ್ತದೆ, ಸದ್ದನ್ನಲ್ಲ. ಬರೀ ಡ್ಯಾಂಪಿಂಗ್ ಶೀಟ್ (ನಡುಕ ತಡೆಯುವ ಅಂಟುಹಾಳೆ) ಎಳೆದು ಅಂಟಿಸಿದರೆ ದೊಡ್ಡ ತೂತಿನ ಮೇಲೆ ಅದು ತಮಟೆಯ ಚರ್ಮದಂತೆ ಅದುರುತ್ತದೆ. 1 ಮಿಲಿಮೀಟರ್ ಅಲ್ಯೂಮಿನಿಯಂ ತಗಡನ್ನು ಅಳತೆಗೆ ಕತ್ತರಿಸಿ, ಅಂಚಿಗೆ ಫೋಮ್ ಟೇಪ್ ಕೊಟ್ಟು, ಸ್ಕ್ರೂ ಹಾಕಿ, ಅದರ ಮೇಲೆ ಶೀಟ್ ಒತ್ತಿ. ನಾಳೆ ಮೋಟಾರ್ ಕೆಟ್ಟರೆ ಸ್ಕ್ರೂ ಬಿಚ್ಚಿದರಾಯಿತು.

ಹೊರತಗಡಿನ ಕೆಲಸ ಬೇರೆ. ಅಲ್ಲಿ ಮುಚ್ಚುವುದೇನಿಲ್ಲ, ತಗಡಿನ ನಡುಕ ನಿಲ್ಲಿಸಬೇಕು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ: ಮೊದಲು ಖಾಲಿ ಎಣ್ಣೆ ಡಬ್ಬದ ಸದ್ದು, ಶೀಟ್ ಹಾಕಿದ ಮೇಲೆ ತೊಗರಿ ತುಂಬಿದ ಚೀಲದ ಸದ್ದು. ತಗಡಿನ ಕಾಲು ಭಾಗ ಮುಚ್ಚಿದರೆ ಸಾಕು, ಮೊದಲ ತುಂಡು ಸ್ಪೀಕರಿನ ಸರಿ ಹಿಂದೆ. ಪೂರ್ತಿ ಬಳಿದರೆ ಬಾಗಿಲ ತೂಕ ಹೆಚ್ಚುತ್ತದೆಯೇ ಹೊರತು ಫಲ ಅಷ್ಟೇನೂ ಹೆಚ್ಚದು.

ಅಗ್ಗದ ಡಾಂಬರು ಶೀಟ್ ನಮ್ಮ ಕಡೆ ಬೇಡವೇ ಬೇಡ. ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳ ನೆರಳಿನ ಬಿಸಿಲೇ 42 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಕಾರಿನ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಡಾಂಬರು ಮೆತ್ತಗಾಗಿ ಜಾರುತ್ತದೆ, ಕಾರಿನೊಳಗೆಲ್ಲ ವಾಸನೆ. 2 ಮಿಲಿಮೀಟರಿನ ಬ್ಯುಟೈಲ್ (ಒಂದು ಬಗೆಯ ರಬ್ಬರ್) ಶೀಟೇ ಆಗಬೇಕು. ಅಂಟಿಸುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡು ಸಲ ಒರೆಸಿ. ಶಹಾಬಾದ್ ಕಡೆ ಓಡಾಡುವ ಗಾಡಿಗಳ ಬಾಗಿಲೊಳಗೆ ಕಲ್ಲಿನ ಹುಡಿ ಪದರಗಟ್ಟಿರುತ್ತದೆ, ಅದರ ಮೇಲೆ ಯಾವ ಅಂಟೂ ನಿಲ್ಲದು. ಶೀಟಿನ ಹೊರಮೈಯ ಫಾಯಿಲಿನ ಉಬ್ಬು ಚಿತ್ತಾರ ಚಪ್ಪಟೆಯಾಗುವವರೆಗೆ ರೋಲರ್ ಹೊಡೆಯಿರಿ.

ಕೆಲವು ಕಾರುಗಳ ಬಾಗಿಲೊಳಗೆ ಏರ್‌ಬ್ಯಾಗಿನ ಪ್ರೆಶರ್ ಸೆನ್ಸರ್ ಇರುತ್ತದೆ. ಅಂಥ ಬಾಗಿಲನ್ನು ಕಂಪನಿ ಮ್ಯಾನುಯಲ್ ನೋಡದೆ ಮುಚ್ಚಬಾರದು.

ಪ್ಲಸ್-ಮೈನಸ್: ತಲೆ ತಿನ್ನುವ ಭಾಗ

ಎರಡೂ ಬಾಗಿಲಿನ ವೈರ್ ತಿರುಗಿದ್ದರೆ ತೊಂದರೆ ಕಾಣುವುದಿಲ್ಲ. ಒಂದೇ ತಿರುಗಿದ್ದರೆ ಬೇಸ್ ಮಾಯ. ಎರಡು ತಪ್ಪಿಗಿಂತ ಒಂದು ತಪ್ಪು ಯಾಕೆ ಕೆಟ್ಟದ್ದು?

ಎಡಗಡೆ ಕೋನ್ ಹೊರಗೆ ಬರುವಾಗ ಬಲಗಡೆಯದು ಒಳಗೆ ಹೋದರೆ, ಒಂದು ಗಾಳಿ ದೂಡುತ್ತದೆ, ಇನ್ನೊಂದು ಅದನ್ನೇ ಎಳೆದುಕೊಳ್ಳುತ್ತದೆ. 100 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 3.4 ಮೀಟರ್. ಡ್ರೈವರ್ ಸೀಟಿನಿಂದ ಎರಡು ಬಾಗಿಲಿಗಿರುವ ದೂರದಲ್ಲಿ ಅರ್ಧ ಮೀಟರಿನಷ್ಟು ವ್ಯತ್ಯಾಸ ಅಂತಿಟ್ಟುಕೊಳ್ಳಿ. 3.4ರ ಮುಂದೆ ಅರ್ಧ ಮೀಟರ್ ಲೆಕ್ಕಕ್ಕಿಲ್ಲ, ಹಾಗಾಗಿ ಎರಡೂ ಅಲೆ ಹೆಚ್ಚುಕಡಿಮೆ ಒಟ್ಟಿಗೇ ಬಂದು ಹೊಡೆದುಹಾಕಿಕೊಳ್ಳುತ್ತವೆ. 340 ಹರ್ಟ್ಸಿಗೆ ಬಂದರೆ ಅಲೆಯೇ 1 ಮೀಟರ್, ಅರ್ಧ ಮೀಟರ್ ಅಂದರೆ ಅರ್ಧ ಅಲೆ. ಅಲ್ಲಿ ತಿರುಗಿದ ವೈರೇ ಸದ್ದನ್ನು ಕೂಡಿಸುತ್ತದೆ! ಹಾಗಾಗಿ ಹಾಡು ಕೇಳುತ್ತದೆ, ಟ್ವೀಟರ್ (ಕೀಚು ದನಿಯ ಸಣ್ಣ ಸ್ಪೀಕರ್) ಚಿಲಿಪಿಲಿ ಎನ್ನುತ್ತದೆ, ಡೋಲು ಮಾತ್ರ ಇಲ್ಲ. ಗಿರಾಕಿಗೆ ಸ್ಪೀಕರೇ ಡೂಪ್ಲಿಕೇಟ್ ಎಂಬ ಗುಮಾನಿ.

ಪತ್ತೆ ಹಚ್ಚುವುದು ಸುಲಭ. ಬ್ಯಾಲೆನ್ಸ್ (ಎಡ-ಬಲ ಹಂಚಿಕೆ) ನಡುವೆ ಇಟ್ಟು ಬೇಸ್ ಇರುವ ಹಾಡು ಹಾಕಿ, ನಂತರ ಪೂರ್ತಿ ಒಂದು ಬದಿಗೆ ತಿರುಗಿಸಿ. ಸ್ಪೀಕರ್ ಒಂದೇ ಉಳಿದಾಗ ಬೇಸ್ ಕಡಿಮೆಯಾಗಬೇಕು. ಹೆಚ್ಚಾಯಿತೋ, ಒಂದು ಕಡೆ ತಿರುಗಿದೆ ಅಂತಲೇ ಅರ್ಥ.

ಮಲ್ಟಿಮೀಟರಿನ ಕರಿ ತಂತಿಯನ್ನು ಕಾರಿನ ಲೋಹದ ಮೈಗೆ ಇಟ್ಟು ಪ್ಲಸ್ ಹುಡುಕುವುದು ಬಹಳ ಜನ ಮಾಡುವ ತಪ್ಪು. ಈಗಿನ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಬ್ಯಾಟರಿಯ ಅರ್ಧದಷ್ಟು, 6-7 ವೋಲ್ಟ್ ನಿಂತಿರುತ್ತದೆ. ಎರಡೂ ಒಂದೇ ತೋರಿಸುತ್ತವೆ, ಯಾವುದೂ ಅರ್ಥ್ ಅಲ್ಲ. ಮೈನಸ್ ಎಂದುಕೊಂಡು ಒಂದನ್ನು ಕಾರಿನ ಮೈಗೆ ಮುಟ್ಟಿಸಿದರೆ ಸ್ಟೀರಿಯೊ ಒಳಗಿನ ಐಸಿ (ಆಂಪ್ಲಿಫೈಯರ್ ಚಿಪ್) ಸುಡಬಹುದು.

ಸರಿಯಾದ ದಾರಿ 1.5 ವೋಲ್ಟಿನ ಪೆನ್ ಸೆಲ್. ಮೊದಲು ಸ್ಟೀರಿಯೊ ಹಿಂದಿನ ಕಪ್ಲರ್ (ವೈರುಗಳ ಪ್ಲಗ್) ಕಳಚಿಡಿ, ಇದನ್ನು ಮರೆತು ಸೆಲ್ ಮುಟ್ಟಿಸಿದರೂ ಐಸಿಗೆ ಅಪಾಯ. ಕಪ್ಲರಿನ ಎರಡು ವೈರಿಗೆ ಸೆಲ್ ಒಂದು ಕ್ಷಣ ತಾಗಿಸಿ, ಬಾಗಿಲಲ್ಲಿ ಒಬ್ಬರು ಕೋನ್ ಮೇಲೆ ಕಣ್ಣಿಟ್ಟಿರಲಿ. ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್. ಮಾರುಕಟ್ಟೆ ಸ್ಟೀರಿಯೊಗಳಲ್ಲಿ ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಕಪ್ಪು ಗೆರೆ ಇರುವುದು ಮೈನಸ್. ಕಾರು ಕಂಪನಿಯ ವೈರುಗಳಿಗೆ ಈ ಬಣ್ಣದ ನಿಯಮ ಹೊಂದುವುದಿಲ್ಲ. ಸ್ಪೀಕರಿನಲ್ಲಿ ಸಾಮಾನ್ಯವಾಗಿ ಅಗಲ ತುದಿ ಪ್ಲಸ್, ಕಿರಿದು ಮೈನಸ್. ಟ್ವೀಟರಿಗೆ ಸೆಲ್ ಹಚ್ಚಬೇಡಿ, ಅದರ ಅಲುಗಾಟ ಕಣ್ಣಿಗೆ ಕಾಣದು.

ಉಳಿದದ್ದು

ಸ್ಪೀಕರಿನ ಕೆಳಗೆ ಇಡುವ ರಿಂಗ್ ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನದಾದರೆ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಪ್ಲಾಸ್ಟಿಕ್ಕಿನದು, ಇಲ್ಲವೇ ವಾರ್ನಿಶ್ ಕುಡಿಸಿದ ಮರೀನ್ ಪ್ಲೈವುಡ್ ಹಾಕಿ. ಗ್ಲಾಸನ್ನು ಪೂರ್ತಿ ಕೆಳಗಿಳಿಸಿಯೇ ಆಳ ಅಳೆಯಿರಿ, ಮ್ಯಾಗ್ನೆಟ್ಟಿಗೂ ಗಾಜಿಗೂ ಕನಿಷ್ಠ 5 ಮಿಲಿಮೀಟರ್ ಉಳಿಯಲಿ. ಸ್ಟೀರಿಯೊ ಸೆಟ್ಟಿಂಗಿನಲ್ಲಿ ಹೈಪಾಸ್ (ತಗ್ಗಿನ ಸ್ವರ ತಡೆಯುವ ಫಿಲ್ಟರ್) ಇದ್ದರೆ 80 ಹರ್ಟ್ಸಿಗೆ ಇಡಿ. ಆರೂವರೆ ಇಂಚಿನ ಕೋನ್ ಅದಕ್ಕಿಂತ ಕೆಳಗೆ ಒದ್ದಾಡುತ್ತದೆ, ದನಿಯೂ ಒಡೆಯುತ್ತದೆ.

ಡೋರ್ ಪ್ಯಾಡ್ ಕೂರಿಸುವ ಮೊದಲು ಗಾಜಿನ ಹೊರಮೈ ಮೇಲೆ ಒಂದು ಚೊಂಬು ನೀರು ನಿಧಾನಕ್ಕೆ ಸುರಿಯಿರಿ. ಬಾಗಿಲಿನ ತಳದ ತೂತುಗಳಿಂದ ಅದು ಸುರಿದು ಹೋಗಬೇಕು. ಹೋಗದಿದ್ದರೆ ಯಾವುದೋ ಶೀಟಿನ ತುಂಡು ಕೆಳಗೆ ಕೂತಿದೆ, ಅದನ್ನು ಕಿತ್ತ ಮೇಲೆಯೇ ಪ್ಯಾಡ್.